144 ಹರ್ಟ್ಜ್ ಮಾನಿಟರ್ ತಂದರೂ ಆಟ ಅಷ್ಟಕ್ಕಷ್ಟೇ!

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಾನಿಟರಿನ ರಿಫ್ರೆಶ್ ರೇಟ್ ಬಗ್ಗೆಯೇ ಇವೆ, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಹರ್ಟ್ಜ್ ಲೆಕ್ಕ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: 60 ಹರ್ಟ್ಜ್ ಮಾನಿಟರ್ ತೆಗೆದು 24 ಇಂಚಿನ 144 ಹರ್ಟ್ಜ್ ಮಾನಿಟರ್ ಹಾಕಿದ್ದೇನೆ. ಕೇಬಲ್ ಮಾತ್ರ ಹಳೆಯ ಎಚ್‌ಡಿಎಂಐ. ವ್ಯಾಲೊರಂಟ್‌ನಲ್ಲಿ ಎಫ್‌ಪಿಎಸ್ 180 ತೋರಿಸುತ್ತದೆ. ಆದರೂ ವ್ಯತ್ಯಾಸವೇ ಗೊತ್ತಾಗುತ್ತಿಲ್ಲ. ಅಂಗಡಿಯವರು ಮೋಸ ಮಾಡಿದರೇ? — ದಾವಣಗೆರೆಯ ಓದುಗರು

ಅಂಗಡಿಗೆ ಹೋಗಿ ಜಗಳ ತೆಗೆಯುವ ಮುಂಚೆ ಐದು ನಿಮಿಷ ಕೊಡಿ. ಮೂಲೆಯಲ್ಲಿ ಕಾಣುವ 180 ಎಂಬುದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಚಿತ್ರ ತಯಾರಿಸಿತು ಎಂಬ ಲೆಕ್ಕ. ಅದರಲ್ಲಿ ಪರದೆ ಎಷ್ಟನ್ನು ತೋರಿಸಿತು ಎಂಬುದು ಬೇರೆ ಲೆಕ್ಕ. ನಿಮ್ಮ ಮಾನಿಟರ್ ಬಹುಶಃ ಈಗಲೂ 60ರಲ್ಲೇ ಓಡುತ್ತಿದೆ. ಹೊಸ ಮಾನಿಟರ್ ಸಿಕ್ಕಿಸಿದರೂ ವಿಂಡೋಸ್ ಎಷ್ಟೋ ಸಲ ತಾನಾಗಿ 60ನ್ನೇ ಹಿಡಿದು ಕೂರುತ್ತದೆ.

ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಕೆಳಗಿರುವ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟ್ ಪಟ್ಟಿಯಲ್ಲಿ 144 ಆರಿಸಿ. ಎರಡು ಮಾನಿಟರ್ ಇದ್ದರೆ ಮೇಲ್ಗಡೆ ಸರಿಯಾದುದನ್ನು ಆಯ್ದುಕೊಂಡಿದ್ದೀರಾ ನೋಡಿ. ಆಮೇಲೆ ಮಾನಿಟರಿನದೇ ಬಟನ್ ಒತ್ತಿ, ಮೆನುವಿನಲ್ಲಿ ಇನ್ಫರ್ಮೇಶನ್ ಪುಟ ತೆರೆಯಿರಿ. ಸಾಕ್ಷಿ ಹೇಳಬೇಕಾದದ್ದು ಆ ಪುಟ, ಆಟದ ಮೂಲೆಯ ಅಂಕಿಯಲ್ಲ.

ಪಟ್ಟಿಯಲ್ಲಿ 144 ಇಲ್ಲವೇ ಇಲ್ಲ ಎಂದಾದರೆ ಕೇಬಲ್ ಮತ್ತು ಪೋರ್ಟಿನ ಮೇಲೆ ಕಣ್ಣು ಹಾಯಿಸಿ. 1.4 ಆವೃತ್ತಿಯ ಎಚ್‌ಡಿಎಂಐ ಪೋರ್ಟು 1920x1080ರಲ್ಲಿ ಸಾಮಾನ್ಯವಾಗಿ 120ಕ್ಕೆ ನಿಂತುಬಿಡುತ್ತದೆ. 2.0 ಆಗಿದ್ದರೆ 1080ರಲ್ಲಿ 240, 1440ರಲ್ಲಿ (2560x1440) 144 ಸಲೀಸು. ಮಾನಿಟರಿನಲ್ಲಿ ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ, ಅರ್ಧ ತಲೆನೋವು ಅಲ್ಲಿಗೇ ಮುಗಿಯುತ್ತದೆ. ನಡುವೆ ವಿಜಿಎ ಅಡಾಪ್ಟರ್ ಇದ್ದರೆ ಕಿತ್ತುಹಾಕಿ. ಕೇಬಲ್ ಸಿಕ್ಕಿಸಿದ್ದು ಮದರ್‌ಬೋರ್ಡಿನ ಪೋರ್ಟಿಗೋ, ಕೆಳಗೆ ಅಡ್ಡಲಾಗಿರುವ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೋ ಎಂದೂ ಒಮ್ಮೆ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿ. ನಗಬೇಡಿ, ಇದು ತೀರಾ ಸಾಮಾನ್ಯವಾದ ತಪ್ಪು.

ಬದಲಾವಣೆ ಆಯಿತೋ ಇಲ್ಲವೋ ತಿಳಿಯಲು ಖಾಲಿ ಡೆಸ್ಕ್‌ಟಾಪ್ ಮೇಲೆ ಮೌಸ್ ಬಾಣವನ್ನು ಜೋರಾಗಿ ಸುತ್ತಿಸಿ. 60ರಲ್ಲಿ ನಾಲ್ಕಾರು ಬಾಣಗಳು ದೂರದೂರ ಬಿದ್ದಂತೆ ಕಾಣುತ್ತವೆ. 144ರಲ್ಲಿ ಅದೇ ಸುತ್ತಿನಲ್ಲಿ ಎರಡು ಪಟ್ಟಿಗೂ ಹೆಚ್ಚು ಬಾಣಗಳು ಒತ್ತೊತ್ತಾಗಿ ನಿಲ್ಲುತ್ತವೆ.

ಪ್ರಶ್ನೆ: 144 ಹರ್ಟ್ಜ್, 1 ಮಿಲಿಸೆಕೆಂಡ್ ಎಂದು ಡಬ್ಬಿಯ ಮೇಲಿದೆ. ಸೆಟ್ಟಿಂಗ್ ಎಲ್ಲ ಸರಿಯಿದೆ. ಆದರೆ ಕಾರ್ ರೇಸಿನಲ್ಲಿ ಪಕ್ಕದ ಫಲಕಗಳ ಅಕ್ಷರ ಕಲಸಿಹೋಗುತ್ತವೆ. ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಬಾಲ ಎಳೆದಂತಾಗುತ್ತದೆ. — ಮಂಗಳೂರಿನ ಓದುಗರು

ನೀವು ಹೇಳಿದ್ದು ಎರಡು ಬೇರೆ ಕಾಯಿಲೆ. ಮದ್ದೂ ಬೇರೆ.

ಅಕ್ಷರ ಕಲಸುವುದಕ್ಕೆ ಪರದೆಯಷ್ಟೇ ನಿಮ್ಮ ಕಣ್ಣೂ ಕಾರಣ. ಪರದೆ ಒಂದು ಚಿತ್ರವನ್ನು ತೋರಿಸಿ, ಮುಂದಿನದು ಬರುವವರೆಗೂ ಅದನ್ನೇ ಅಲ್ಲಾಡದಂತೆ ಹಿಡಿದಿರುತ್ತದೆ. 60 ಹರ್ಟ್ಜ್‌ನಲ್ಲಿ 16.7 ಮಿಲಿಸೆಕೆಂಡ್, 144ರಲ್ಲಿ 6.9. ಕಣ್ಣು ಮಾತ್ರ ಓಡುವ ವಸ್ತುವಿನ ಜೊತೆ ತಡೆಯಿಲ್ಲದೆ ಜಾರುತ್ತಿರುತ್ತದೆ. ನಿಂತ ಚಿತ್ರದ ಮೇಲೆ ಕಣ್ಣು ಜಾರಿದಷ್ಟೂ ಉದ್ದಕ್ಕೆ ಮಸುಕು. ಒಂದು ಫಲಕ 1920 ಪಿಕ್ಸೆಲ್ ಅಗಲದ ಪರದೆಯನ್ನು 2 ಸೆಕೆಂಡಿನಲ್ಲಿ ದಾಟಿತು ಅನ್ನಿ, ಸೆಕೆಂಡಿಗೆ 960 ಪಿಕ್ಸೆಲ್ ವೇಗ. 60ರಲ್ಲಿ ಮಸುಕು 16 ಪಿಕ್ಸೆಲ್, 120ರಲ್ಲಿ 8, 144ರಲ್ಲಿ ಹತ್ತಿರಹತ್ತಿರ 7, 240ರಲ್ಲಿ 4. ಫಲಕದ ಅಕ್ಷರ 10 ಪಿಕ್ಸೆಲ್ ಅಗಲವಿದ್ದರೆ 60ರಲ್ಲಿ ಓದುವ ಮಾತೇ ಇಲ್ಲ, 144ರಲ್ಲಿ ಕಷ್ಟಪಟ್ಟು ಓದಬಹುದು. ಈ ಲೆಕ್ಕ ಬರುವುದು ಎಫ್‌ಪಿಎಸ್ ಕೂಡ ಹರ್ಟ್ಜ್‌ನಷ್ಟೇ ಇದ್ದಾಗ. ಆಟ 70 ಎಫ್‌ಪಿಎಸ್ ಕೊಡುತ್ತಿದ್ದರೆ 144ರ ಪರದೆಯಲ್ಲೂ ಮಸುಕು 70ರದ್ದೇ.

ಪರೀಕ್ಷೆ ಬೇಕೇ? ನೋಟ್‌ಪ್ಯಾಡಿನಲ್ಲಿ ನಾಲ್ಕು ಸಾಲು ಬರೆದು ಆ ಕಿಟಕಿಯನ್ನು ಹಿಡಿದು ಒಂದೇ ವೇಗದಲ್ಲಿ ಎಡಕ್ಕೂ ಬಲಕ್ಕೂ ಎಳೆಯಿರಿ. ಮೊದಲು ದೃಷ್ಟಿಯನ್ನು ಪರದೆಯ ನಡುವಿನ ಒಂದು ಐಕಾನ್ ಮೇಲೆ ನೆಡಿ. ಅಕ್ಷರಗಳು ಹೆಜ್ಜೆಹೆಜ್ಜೆಯಾಗಿ ಕುಪ್ಪಳಿಸಿದಂತೆ ಕಾಣುತ್ತವೆ. ಆಮೇಲೆ ಒಂದು ಅಕ್ಷರವನ್ನೇ ಕಣ್ಣಿನಿಂದ ಹಿಂಬಾಲಿಸಿ. ಕುಪ್ಪಳಿಕೆ ಮಾಯ, ಮಸುಕು ಹಾಜರ್. ಪರದೆ ಮಾಡಿದ ಕೆಲಸ ಎರಡು ಸಲವೂ ಒಂದೇ, ಬದಲಾದದ್ದು ಕಣ್ಣು. ಓಎಲ್‌ಇಡಿ ಪರದೆಯಲ್ಲಿ ಪಿಕ್ಸೆಲ್ ಬಣ್ಣ ಬದಲಾಯಿಸಲು ಹೊತ್ತೇ ಹಿಡಿಯದು. ಆದರೂ 60 ಹರ್ಟ್ಜ್‌ನಲ್ಲಿ ಈ 16 ಪಿಕ್ಸೆಲ್ ಮಸುಕು ಅದಕ್ಕೂ ತಪ್ಪಿದ್ದಲ್ಲ.

ಮೊದಲು ಆಟದ ಸೆಟ್ಟಿಂಗ್‌ನಲ್ಲಿ ಮೋಷನ್ ಬ್ಲರ್ ಆಫ್ ಮಾಡಿ. ಅದು ಬೇಕೆಂದೇ ಬಳಿದ ಮಸುಕು, ರೇಸಿಂಗ್ ಆಟಗಳಲ್ಲಿ ಬಹುತೇಕ ಆನ್ ಆಗಿಯೇ ಬರುತ್ತದೆ.

ಇನ್ನು ಕಪ್ಪು ಬಾಲ. ಇದು ಪಿಕ್ಸೆಲ್‌ಗಳ ಸೋಮಾರಿತನ. ನಿಮ್ಮದು ವಿಎ ಪ್ಯಾನೆಲ್ (ಎಲ್‌ಸಿಡಿ ಪರದೆಯ ಒಂದು ಬಗೆ) ಇರಬೇಕು. ಅವುಗಳಲ್ಲಿ ಕಡುಗಪ್ಪಿನಿಂದ ಬೂದು ಬಣ್ಣಕ್ಕೆ ಬರಲು 20–30 ಮಿಲಿಸೆಕೆಂಡ್ ಹಿಡಿಯುವುದೂ ಉಂಟು. 6.9 ಮಿಲಿಸೆಕೆಂಡಿಗೊಂದು ಚಿತ್ರ ಬರುತ್ತಿರುವಾಗ ಹಿಂದಿನ ಮೂರ್ನಾಲ್ಕು ಚಿತ್ರಗಳ ಕಪ್ಪು ಅಳಿಸಿಯೇ ಇರುವುದಿಲ್ಲ. ಡಬ್ಬಿಯ ಮೇಲಿನ 1 ಮಿಲಿಸೆಕೆಂಡನ್ನು ನಂಬಿ ಕೂರಬೇಡಿ. ಜಿಟಿಜಿ ಎಂದಿದ್ದರೆ ಅದು ಅತಿ ವೇಗದ ಒಂದು ಬಣ್ಣದ ಜಿಗಿತದ ಅಳತೆ. ಎಂಪಿಆರ್‌ಟಿ ಎಂದಿದ್ದರೆ ಹಿಂಬೆಳಕನ್ನು ಮಿಟುಕಿಸುವ ಆಯ್ಕೆ ಆನ್ ಇದ್ದಾಗಿನ ಅಳತೆ.

ಮಾನಿಟರ್ ಮೆನುವಿನಲ್ಲಿ ಓವರ್‌ಡ್ರೈವ್, ರೆಸ್ಪಾನ್ಸ್ ಟೈಮ್, ಟ್ರೇಸ್ ಫ್ರೀ, ಎಎಂಎ ಎಂದು ಕಂಪನಿಗೊಂದು ಹೆಸರಿನಲ್ಲಿ ಇರುವುದು ಒಂದೇ ವಿಷಯ: ಪಿಕ್ಸೆಲ್‌ಗೆ ಹೆಚ್ಚು ವೋಲ್ಟೇಜ್ ಕೊಟ್ಟು ಓಡಿಸುವುದು. ಕೆಳಗಿನ ಮೆಟ್ಟಿಲಿನಿಂದ ಶುರುಮಾಡಿ ಒಂದೊಂದೇ ಏರಿಸಿ. ಪ್ರತಿ ಸಲ ಬೂದು ಹಿನ್ನೆಲೆಯ ಮೇಲೆ ಕಿಟಕಿ ಎಳೆದು ನೋಡಿ. ವಸ್ತುವಿನ ಹಿಂದೆ ಹೊಳೆಯುವ ಬಿಳಿ ಅಂಚು ಕಂಡ ಕೂಡಲೇ ಒಂದು ಮೆಟ್ಟಿಲು ಇಳಿಯಿರಿ. ಆ ಬಿಳಿ ಅಂಚು ಪಿಕ್ಸೆಲ್ ಗುರಿ ದಾಟಿ ಓಡಿದ್ದರ ಗುರುತು. ಹೆಚ್ಚಿನ ಮಾನಿಟರ್‌ಗಳಲ್ಲಿ ನಡುವಿನ ಆಯ್ಕೆಯೇ ಲೇಸು. ತುತ್ತತುದಿಯ ಆಯ್ಕೆ ಇರುವುದು ಡಬ್ಬಿಯ ಮೇಲೆ ಅಂಕಿ ಬರೆಯಲಿಕ್ಕೆ ಎಂದೇ ನಮ್ಮ ಅಭಿಪ್ರಾಯ.

ಹಿಂಬೆಳಕು ಮಿಟುಕಿಸುವ ಆಯ್ಕೆ ಅಕ್ಷರಗಳನ್ನು ನಿಜಕ್ಕೂ ಚೊಕ್ಕ ಮಾಡುತ್ತದೆ. ಆದರೆ ಬೆಳಕು ಚೆನ್ನಾಗಿಯೇ ಕುಂದುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ. ಜೊತೆಗೆ ಎಫ್‌ಪಿಎಸ್ ಹರ್ಟ್ಜ್‌ಗೆ ಸರಿಸಮ ಇರಲೇಬೇಕು. 144 ಹರ್ಟ್ಜ್‌ಗೆ 72 ಎಫ್‌ಪಿಎಸ್ ಬಂದರೆ ಒಂದೇ ಚಿತ್ರ ಎರಡು ಸಲ ಮಿಂಚಿ, ಪ್ರತಿ ಅಂಚೂ ಜೋಡಿಯಾಗಿ ಕಾಣುತ್ತದೆ. ನಿಮ್ಮ ಕಾರ್ಡ್ 120 ಮಾತ್ರ ಗಟ್ಟಿಯಾಗಿ ಕೊಡುತ್ತದೆ ಎಂದಾದರೆ ಮಾನಿಟರನ್ನೂ 120ಕ್ಕೆ ಇಳಿಸಿ, ಆಟವನ್ನು ವಿ-ಸಿಂಕ್‌ನಿಂದ (ಎಫ್‌ಪಿಎಸ್ ಅನ್ನು ಪರದೆಯ ಹರ್ಟ್ಜ್‌ಗೆ ಹೊಂದಿಸುವ ಆಯ್ಕೆ) ಅಲ್ಲಿಗೇ ಕಟ್ಟಿಹಾಕಿ.

ಪ್ರಶ್ನೆ: ನನ್ನ ಕಾರ್ಡಿನಲ್ಲಿ ದೊಡ್ಡ ಆಟಗಳು 70–90 ಎಫ್‌ಪಿಎಸ್ ಮಾತ್ರ ಬರುತ್ತವೆ. 165 ಹರ್ಟ್ಜ್ ಮಾನಿಟರ್ ದಂಡವೇ? 75 ಹರ್ಟ್ಜ್‌ನದು ಸಾಕೇ? — ಮೈಸೂರಿನ ಓದುಗರು

ದಂಡವಲ್ಲ, ಆದರೆ ಅಡಾಪ್ಟಿವ್ ಸಿಂಕ್ ಆನ್ ಮಾಡಿಕೊಳ್ಳಬೇಕು. ಅದಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸುಲಭ ಲೆಕ್ಕ: 144 ಹರ್ಟ್ಜ್ ಪರದೆಗೆ 60 ಎಫ್‌ಪಿಎಸ್ ಕೊಟ್ಟರೆ ಒಂದು ಚಿತ್ರಕ್ಕೆ ಪರದೆಯ 2.4 ಸರದಿ (ರಿಫ್ರೆಶ್) ಬೀಳುತ್ತದೆ. ಅರ್ಧ ಸರದಿ ಎಂಬುದಿಲ್ಲವಲ್ಲ, ಹಾಗಾಗಿ ವಿ-ಸಿಂಕ್ ಆನ್ ಇದ್ದರೆ ಕೆಲವು ಚಿತ್ರ 13.9 ಮಿಲಿಸೆಕೆಂಡ್, ಕೆಲವು 20.8 ಮಿಲಿಸೆಕೆಂಡ್ ನಿಲ್ಲುತ್ತವೆ. ಕಣ್ಣಿಗೆ ಅದು ಎಡವಿದಂತೆ ಕಾಣುತ್ತದೆ. ವಿ-ಸಿಂಕ್ ಆಫ್ ಇದ್ದರೆ ಚಿತ್ರ ಅಡ್ಡಕ್ಕೆ ಹರಿದು, ಗೋಡೆಯ ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ. ಅಡಾಪ್ಟಿವ್ ಸಿಂಕ್‌ನಲ್ಲಿ ಚಿತ್ರ ಸಿದ್ಧವಾದಾಗಲೇ ಪರದೆ ಬದಲಾಗುತ್ತದೆ. 83 ಎಫ್‌ಪಿಎಸ್ ಬಂದರೆ ಮಾನಿಟರೂ 83 ಹರ್ಟ್ಜ್.

ಮಾನಿಟರ್ ಮೆನುವಿನಲ್ಲಿ ಫ್ರೀಸಿಂಕ್ ಅಥವಾ ಅಡಾಪ್ಟಿವ್ ಸಿಂಕ್ ಆನ್ ಮಾಡಿ. ಎನ್‌ವಿಡಿಯಾ ಜಿಟಿಎಕ್ಸ್ 10 ಸರಣಿ ಅಥವಾ ಅದಕ್ಕಿಂತ ಹೊಸ ಕಾರ್ಡಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಆರಿಸಿ. ಎಎಂಡಿ ಆದರೆ ಡ್ರೈವರ್ ಸಾಫ್ಟ್‌ವೇರಿನ ಡಿಸ್‌ಪ್ಲೇ ಪುಟದಲ್ಲಿ ಫ್ರೀಸಿಂಕ್. ಎಫ್‌ಪಿಎಸ್ ಮಿತಿಯನ್ನು ಮಾನಿಟರಿನ ಗರಿಷ್ಠಕ್ಕಿಂತ ಮೂರ್ನಾಲ್ಕು ಕಡಿಮೆ ಇಡಿ, 165ಕ್ಕೆ 161. ಮಿತಿ ದಾಟಿದರೆ ಅಡಾಪ್ಟಿವ್ ಸಿಂಕ್ ಕೈಬಿಡುತ್ತದೆ, ಹರಿಯುವುದೋ ತಡವಾಗುವುದೋ ಮತ್ತೆ ಶುರು.

75 ಹರ್ಟ್ಜ್ ಬೇಡ ಎನ್ನಲು ಕಾರಣ ಬೇರೆ. ಅವುಗಳ ಅಡಾಪ್ಟಿವ್ ವ್ಯಾಪ್ತಿ ಸಾಮಾನ್ಯವಾಗಿ 48ರಿಂದ 75. ಆಟ 40ಕ್ಕೆ ಬಿದ್ದರೆ ಒಂದೇ ಚಿತ್ರವನ್ನು ಎರಡು ಸಲ ತೋರಿಸಿ 80 ಮಾಡಬೇಕು, 75ರ ಪರದೆಗೆ ಅದು ಆಗದು. 48–165ರ ಮಾನಿಟರಿಗೆ ಸಲೀಸು.

ಇನ್ನೊಂದು ಮಾತು. ಸರಾಸರಿ 90 ಇದ್ದೂ ಆಗಾಗ ಜಗ್ಗಿದಂತಾದರೆ ಮಾನಿಟರ್ ಬದಲಿಸಿ ಉಪಯೋಗವಿಲ್ಲ. 11 ಮಿಲಿಸೆಕೆಂಡಿನ ಚಿತ್ರಗಳ ನಡುವೆ ಒಂದು ಚಿತ್ರ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಯಾವ ಪರದೆಯಲ್ಲೂ ಕಾಣುತ್ತದೆ. ಒಂದೇ 8 ಜಿಬಿ ರ‍್ಯಾಮ್ ಕಡ್ಡಿ, ತುಂಬಿ ತುಳುಕುವ ಗ್ರಾಫಿಕ್ಸ್ ಮೆಮೊರಿ, ಹಳೆಯ ಹಾರ್ಡ್ ಡಿಸ್ಕ್ ಮೇಲೆ ಆಟ, ಇವನ್ನು ಮೊದಲು ನೋಡಿ. ಟೆಕ್ಸ್ಚರ್ ಗುಣಮಟ್ಟ ಒಂದು ಹಂತ ಇಳಿಸಿದಾಗ ಜಗ್ಗುವುದು ನಿಂತರೆ ತಪ್ಪಿತಸ್ಥ ಮೆಮೊರಿಯೇ.

ಪ್ರಶ್ನೆ: ಪಿಎಸ್5ಗೆ (ಪ್ಲೇಸ್ಟೇಷನ್ 5) 144 ಹರ್ಟ್ಜ್ ಮಾನಿಟರ್ ಹಾಕಿದರೆ 144 ಸಿಗುತ್ತದೆಯೇ? — ಹುಬ್ಬಳ್ಳಿಯ ಓದುಗರು

ಇಲ್ಲ, 120ರವರೆಗೆ ಮಾತ್ರ. ಸೆಟ್ಟಿಂಗ್ಸ್‌ನಲ್ಲಿ ಸ್ಕ್ರೀನ್ ಆ್ಯಂಡ್ ವಿಡಿಯೋ ಒಳಗೆ 120 ಹರ್ಟ್ಜ್ ಔಟ್‌ಪುಟ್ ಅನ್ನು ಆಟೊಮ್ಯಾಟಿಕ್ ಮಾಡಿ, ಗೇಮ್ ಪ್ರಿಸೆಟ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸಿ. ಎಚ್‌ಡಿಎಂಐ 2.0 ಇದ್ದರೂ 1080ರಲ್ಲಿ 120 ಬರುತ್ತದೆ. ಆದರೆ ಅದರ ವಿಆರ್‌ಆರ್‌ಗೆ (ಅಡಾಪ್ಟಿವ್ ಸಿಂಕ್‌ನಂಥದೇ ಸೌಲಭ್ಯ) 2.1 ಬೇಕೇ ಬೇಕು. 120 ಕೊಡುವ ಆಟಗಳು ಕಡಿಮೆ, ಅದಕ್ಕೆಂದೇ ದುಡ್ಡು ಸುರಿಯಬೇಡಿ.

ಪ್ರಶ್ನೆ: ಮಾನಿಟರಿನಲ್ಲಿ ಸಿನಿಮಾ ನೋಡುವಾಗ ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ತಡವರಿಸುತ್ತದೆ. — ಶಿವಮೊಗ್ಗದ ಓದುಗರು

ಸಿನಿಮಾ ಸೆಕೆಂಡಿಗೆ 24 ಚಿತ್ರ. 60 ಹರ್ಟ್ಜ್‌ನಲ್ಲಿ ಒಂದು ಚಿತ್ರ ಮೂರು ಸರದಿ, ಮುಂದಿನದು ಎರಡು, ಹೀಗೆ ಕುಂಟುತ್ತದೆ. 120ರಲ್ಲಿ ಎಲ್ಲಕ್ಕೂ ಐದೈದು, 144ರಲ್ಲಿ ಆರಾರು, ಕುಂಟು ಇಲ್ಲ. 165 ಮಾತ್ರ 24ರಿಂದ ಭಾಗವಾಗದು, ಸಿನಿಮಾ ಹೊತ್ತಿಗೆ 120ಕ್ಕೆ ಇಳಿಸಿ. ನಮ್ಮ ಟಿವಿಯ ಧಾರಾವಾಹಿ, ಕ್ರಿಕೆಟ್ 25 ಅಥವಾ 50ರ ಲೆಕ್ಕದವು. ಅವಕ್ಕೆ ಪಟ್ಟಿಯಲ್ಲಿ 100 ಇದ್ದರೆ ಅದನ್ನು ಆರಿಸಿ. ಇಷ್ಟಾದ ಮೇಲೂ ಉಳಿಯುವ ತಡವರಿಕೆ 24 ಚಿತ್ರಗಳದೇ ಗುಣ.

ಪ್ರಶ್ನೆ: 144ರಿಂದ 240ಕ್ಕೆ ಹೋದರೆ 60ರಿಂದ 144ಕ್ಕೆ ಬಂದಾಗಿನಷ್ಟೇ ಬದಲಾವಣೆ ಕಾಣುತ್ತದೆಯೇ? — ಬೆಂಗಳೂರಿನ ಓದುಗರು

ಕಾಣದು. 60ರಿಂದ 144ಕ್ಕೆ ಬಂದಾಗ ಪ್ರತಿ ಚಿತ್ರದಲ್ಲಿ ಉಳಿದದ್ದು 9.7 ಮಿಲಿಸೆಕೆಂಡ್. 144ರಿಂದ 240ಕ್ಕೆ ಹೋದರೆ ಉಳಿಯುವುದು 2.8 ಮಾತ್ರ. ಅದೂ ಪ್ರೊಸೆಸರ್ 240 ಎಫ್‌ಪಿಎಸ್ ತಾಳಿಕೊಂಡರೆ. ಕೌಂಟರ್-ಸ್ಟ್ರೈಕ್ ಅಥವಾ ವ್ಯಾಲೊರಂಟನ್ನು ಪಂದ್ಯಕ್ಕೆಂದೇ ಆಡುವವರು ತೆಗೆದುಕೊಳ್ಳಲಿ. ಉಳಿದವರು ಆ ದುಡ್ಡಿಗೆ ಒಳ್ಳೆಯ ಐಪಿಎಸ್ ಪ್ಯಾನೆಲ್ಲಿನ 144 ತರುವುದೇ ವಾಸಿ.

ಪ್ರಶ್ನೆ: ನಮ್ಮ ಕರೆಂಟ್ 50 ಹರ್ಟ್ಜ್. ಅದರಲ್ಲಿ 144 ಹರ್ಟ್ಜ್ ಮಾನಿಟರ್ ಪೂರ್ತಿ ಓಡುತ್ತದೆಯೇ? — ಕಲಬುರಗಿಯ ಓದುಗರು

ಓಡುತ್ತದೆ. ಮಾನಿಟರಿನ ಅಡಾಪ್ಟರ್ ಕರೆಂಟನ್ನು ಡಿಸಿಗೆ ಬದಲಿಸಿಬಿಡುತ್ತದೆ, ಆಮೇಲೆ 50ಕ್ಕೂ 144ಕ್ಕೂ ಸಂಬಂಧವೇ ಇಲ್ಲ. ಯುಪಿಎಸ್ ಮೇಲೆ ಓಡಿಸಿದರೂ ಅಷ್ಟೇ. ಆಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸುವಾಗ ಕೋಣೆಯ ಗೋಡೆಯ ಮೇಲೆ ಪಟ್ಟೆ ಓಡಿದರೆ ಅದು ಟ್ಯೂಬ್‌ಲೈಟಿನದು. 50 ಹರ್ಟ್ಜ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ.