ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ, ಹೊಸ ಚಿಪ್ಪು

ಎಫ್‌ಪಿಜಿಎ ಎಂಬ ಮರುರೂಪಿಸಬಲ್ಲ ಚಿಪ್ಪಿನೊಳಗೆ 1980ರ ದಶಕದ ವಿಡಿಯೋ ಗೇಮ್ ಯಂತ್ರಗಳನ್ನು ಮತ್ತೆ ಕಟ್ಟುತ್ತಿರುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚು. ನಾನೂ ಬಳ್ಳಾರಿಯವನೇ ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ಪತ್ರಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: 1990ರ ದಶಕದಲ್ಲಿ ಅಪ್ಪ ತಂದುಕೊಟ್ಟಿದ್ದ ಟಿವಿ ಗೇಮಿನಲ್ಲಿ ನಾನು ಆಡಿದ ಆಟಗಳನ್ನೇ ಈಗ ಮೊಬೈಲಿನ ಎಮ್ಯುಲೇಟರಿನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮಿನಲ್ಲಿ) ಮಗನಿಗೆ ತೋರಿಸಿದರೆ, ಆಟವೂ ಸಂಗೀತವೂ ಅವಸರ ಅವಸರವಾಗಿ ಓಡುತ್ತವೆ. ನನ್ನ ಕೈ ನಿಧಾನವಾಯಿತೋ, ನೆನಪು ಮೋಸ ಮಾಡುತ್ತಿದೆಯೋ ತಿಳಿಯದು. ಎಫ್‌ಪಿಜಿಎಯಲ್ಲಿ ನಾನು ಕಂಡ ಆಟವೇ ಸಿಗುತ್ತದೆಯೇ? (ವ್ಯಾಪಾರಿ, ಗಂಗಾವತಿ)

ಉತ್ತರ: ನಿಮ್ಮ ನೆನಪು ಮೋಸ ಮಾಡಿಲ್ಲ. ನೀವು ಆಡಿದ ಯಂತ್ರ ನಿಜಕ್ಕೂ ನಿಧಾನವಾಗಿಯೇ ಓಡುತ್ತಿದ್ದಿರಬೇಕು. ನಮ್ಮ ಕಡೆ ಮಾರಾಟವಾದ ಅಗ್ಗದ ಪೆಟ್ಟಿಗೆಗಳಲ್ಲಿ ಬಹುಪಾಲು, ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈನಲ್ಲಿ ಹೊರತಂದ ಫ್ಯಾಮಿಕಾಂ ಯಂತ್ರದ ನಕಲುಗಳು. ಮೂಲ ಯಂತ್ರವನ್ನು ಜಪಾನಿನ ಟಿವಿಗೆ ಹೊಂದುವಂತೆ ರೂಪಿಸಿದ್ದರು. ಅಲ್ಲಿ ಪರದೆಯ ಮೇಲೆ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಮೂಡುತ್ತದೆ. ನಮ್ಮ ದೂರದರ್ಶನ ಅನುಸರಿಸಿದ್ದು ಪಾಲ್ ಪದ್ಧತಿಯನ್ನು. ಇಲ್ಲಿ 50 ಸಲ. ಆ ಕಾಲದ ಆಟಗಳು ಹೆಜ್ಜೆ ಇಡುತ್ತಿದ್ದದ್ದು ಗಡಿಯಾರದ ಲೆಕ್ಕದಲ್ಲಲ್ಲ, ಪರದೆ ಒಮ್ಮೆ ತುಂಬಿ ಮುಗಿದ ಲೆಕ್ಕದಲ್ಲಿ. ಹೀಗಾಗಿ ಜಪಾನಿನಲ್ಲಿ 60 ಸೆಕೆಂಡಿಗೆ ಮುಗಿಯುವ ಓಟಕ್ಕೆ ಗಂಗಾವತಿಯ ಟಿವಿಯಲ್ಲಿ 72 ಸೆಕೆಂಡು ಬೇಕಾಗುತ್ತಿತ್ತು. ಸಂಗೀತದ ಲಯವೂ ಅದೇ ಪ್ರಮಾಣದಲ್ಲಿ ವಿಳಂಬವಾಗುತ್ತಿತ್ತು, ಆದರೆ ಶ್ರುತಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತಿತ್ತು. ಸ್ವರದ ಎತ್ತರವನ್ನು ನಿರ್ಧರಿಸುವುದು ಪರದೆಯಲ್ಲ, ಪ್ರೊಸೆಸರಿನ ಕ್ಲಾಕ್, ಅಂದರೆ ಅದರ ಕೆಲಸಕ್ಕೆ ತಾಳ ಹಾಕುವ ಬಡಿತ. ಅದು ಮೂಲ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 17.9 ಲಕ್ಷ ಬಡಿತವಿದ್ದರೆ, ತೈವಾನಿನ ಯುಎಂಸಿ ಕಂಪನಿ ಮಾಡಿದ ನಕಲು ಚಿಪ್ಪಿನಲ್ಲಿ ಸುಮಾರು 17.7 ಲಕ್ಷ ಇತ್ತು.

ಈ ಪತ್ರ ಓದಿದ ಮೇಲೆ, 1996ರಲ್ಲಿ ಕೊಂಡ ನನ್ನದೇ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ಬಿಚ್ಚಿ ನೋಡಿದೆ. ಒಳಗೆ ಅಂಗೈ ಅಗಲದ ಒಂದು ಬೋರ್ಡು, ಅದರ ನಡುವೆ ಬೇಳೆಯ ಗಾತ್ರಕ್ಕಿಂತ ತುಸು ದೊಡ್ಡದಾದ, ಕರಿ ಅಂಟು ಸುರಿದು ಮುಚ್ಚಿದ ಚಿಪ್ಪು; ಅದರ ಮೇಲೆ ಹೆಸರಿಲ್ಲ, ಸಂಖ್ಯೆಯಿಲ್ಲ. ಪಕ್ಕದಲ್ಲಿ ಬೆಳ್ಳಿಯ ಬಣ್ಣದ ಪುಟ್ಟ ಡಬ್ಬಿಯಂತಹ ಕ್ರಿಸ್ಟಲ್ ಇತ್ತು. ಧೂಳನ್ನು ಒರೆಸಿ ಭೂತಗನ್ನಡಿ ಹಿಡಿದಾಗ ಅದರ ನೆತ್ತಿಯ ಮೇಲೆ 26.601712 ಎಂಬ ಅಂಕಿ ಕಾಣಿಸಿತು. ಆ ಒಂದು ಅಂಕಿಯೇ ಸಾಕು. ಪ್ರೊಸೆಸರಿನ ಕ್ಲಾಕ್ ಸಿಗುವುದು ಈ ಕ್ರಿಸ್ಟಲಿನ ಬಡಿತವನ್ನು ಭಾಗಿಸಿ. ಮೂಲ ಯಂತ್ರದ ಕ್ರಿಸ್ಟಲ್ 21.477 ಮೆಗಾಹರ್ಟ್ಜ್, 26.601712 ಇದ್ದರೆ ಅದು ಪಾಲ್ ಟಿವಿಗಾಗಿ ಮಾಡಿದ ಯಂತ್ರ. ನಿಮ್ಮ ಪೆಟ್ಟಿಗೆ ಇನ್ನೂ ಮನೆಯಲ್ಲಿದ್ದರೆ ನೀವೂ ಬಿಚ್ಚಿ ನೋಡಿ.

ಆ ನಕಲುಗಾರರ ಜಾಣ್ಮೆಯನ್ನು ಇಲ್ಲಿ ಹೇಳಲೇಬೇಕು. ಮೂಲ ಯಂತ್ರದಲ್ಲಿ ಪ್ರೊಸೆಸರಿಗೂ ಚಿತ್ರ ಬಿಡಿಸುವ ಚಿಪ್ಪಿಗೂ ಇದ್ದ 1ಕ್ಕೆ 3ರ ವೇಗದ ಅನುಪಾತ, ನಿಂಟೆಂಡೊ ತಾನೇ ಯೂರೋಪಿಗೆ ಮಾಡಿದ ಯಂತ್ರದಲ್ಲಿ 1ಕ್ಕೆ 3.2 ಆಯಿತು. ಅದರಿಂದಾಗಿ ಜಪಾನಿನ ಕೆಲವು ಆಟಗಳು ಅದರಲ್ಲಿ ತಾಳ ತಪ್ಪುತ್ತಿದ್ದವು. ಯುಎಂಸಿಯವರು ಅನುಪಾತವನ್ನು ಮುಟ್ಟಲಿಲ್ಲ. ಟಿವಿಯ ಚಿತ್ರ ಮೂಡುವುದು ಗೆರೆಗೆರೆಯಾಗಿ; ಪಾಲ್ ಪದ್ಧತಿಗೆ ಬೇಕಾದ ಹೆಚ್ಚುವರಿ 50 ಗೆರೆಗಳನ್ನು, ಚಿತ್ರ ಮುಗಿದ ಮೇಲೆ ಆದರೆ ಪ್ರೊಸೆಸರಿಗೆ ಆ ಸುದ್ದಿ ಮುಟ್ಟುವ ಮೊದಲು, ಸುಮ್ಮನೆ ಕಾಯುವ ಸಮಯವಾಗಿ ಸೇರಿಸಿದರು. ಜಪಾನಿನ ಆಟಗಳು ಒಂದು ಅಕ್ಷರವೂ ಬದಲಾಗದೆ ನಮ್ಮ ಟಿವಿಯಲ್ಲಿ ಓಡಿದ್ದು ಹೀಗೆ. ಇದೇ ಬಗೆಯ ಯಂತ್ರ ರಷ್ಯಾದಲ್ಲಿ 1992ರಿಂದ ಡೆಂಡಿ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಹೀಗಾಗಿ ಈ ಕಾಲಗತಿಗೆ ತಂತ್ರಜ್ಞರ ನಡುವೆ ಡೆಂಡಿ ಎಂಬ ಹೆಸರೇ ನಿಂತಿದೆ. ಹಳೆಯ ಯಂತ್ರಗಳನ್ನು ಎಫ್‌ಪಿಜಿಎಯಲ್ಲಿ ಕಟ್ಟುವ, 2017ರಲ್ಲಿ ಆರಂಭವಾದ ಮಿಸ್ಟರ್ ಎಂಬ ಮುಕ್ತ ಯೋಜನೆಯ ಫ್ಯಾಮಿಕಾಂ ವಿನ್ಯಾಸದಲ್ಲಿ ಜಪಾನಿನ ಮತ್ತು ಯೂರೋಪಿನ ಕಾಲಗತಿಗಳ ಜೊತೆಗೆ ಡೆಂಡಿಯೂ ಒಂದು ಆಯ್ಕೆಯಾಗಿದೆ. ನಿಮ್ಮ ಬಾಲ್ಯದ ಆಟ ಆ ಆಯ್ಕೆಯ ಕೆಳಗಿದೆ. ಮೊಬೈಲಿನ ಕೆಲವು ಎಮ್ಯುಲೇಟರುಗಳಲ್ಲೂ ಈ ಆಯ್ಕೆ ಇರುತ್ತದೆ, ಮೊದಲು ಅಲ್ಲಿ ಹುಡುಕಿ ನೋಡಿ. ಮೂಲಕ್ಕೆ ನಿಷ್ಠೆ ಎಂದು ಜನ ಹೇಳುವಾಗ ಜಪಾನಿನ ಮೂಲವನ್ನೇ ನೆನೆಯುತ್ತಾರೆ, ಆದರೆ ನಮಗೆ ಮೂಲವೆಂದರೆ ನಮ್ಮ ಮನೆಯ ಟಿವಿಯ ಮುಂದೆ ಓಡಿದ ಯಂತ್ರವೇ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ನಮ್ಮದು ಜೀನ್ಸ್ ಹೊಲಿಯುವ ಮನೆತನ, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲ. ಎಮ್ಯುಲೇಟರಿಗೂ ಎಫ್‌ಪಿಜಿಎಗೂ ಇರುವ ವ್ಯತ್ಯಾಸವನ್ನು ನಮಗೆ ತಿಳಿಯುವಂತೆ ಹೇಳಬಹುದೇ? (ಕೌಲ್ ಬಜಾರ್, ಬಳ್ಳಾರಿ)

ಉತ್ತರ: ನಿಮ್ಮ ಕಸುಬಿನಿಂದಲೇ ಹೇಳುತ್ತೇನೆ. ಒಬ್ಬನೇ ದರ್ಜಿ ಕಟಿಂಗ್ ಮಾಡಿ, ಎದ್ದು ಹೋಗಿ ಹೊಲಿದು, ಮತ್ತೆ ಎದ್ದು ಕಾಜಾ ಹಾಕಿ, ಬಟನ್ ಕೂರಿಸಿ ಪ್ಯಾಂಟು ಮುಗಿಸುತ್ತಾನೆ ಎಂದುಕೊಳ್ಳಿ. ಅವನ ಕೈ ಅಸಾಧ್ಯ ವೇಗದ್ದು, ಆದ್ದರಿಂದ ಹೊರಗೆ ನಿಂತವರಿಗೆ ಒಂದು ಘಟಕವೇ ಕೆಲಸ ಮಾಡುತ್ತಿರುವಂತೆ ಕಾಣುತ್ತದೆ. ಇದು ಎಮ್ಯುಲೇಟರ್: ಪ್ರೊಸೆಸರಿನ ಕೆಲಸ, ಚಿತ್ರದ ಕೆಲಸ, ಧ್ವನಿಯ ಕೆಲಸ ಎಲ್ಲವನ್ನೂ ಒಂದು ಪ್ರೋಗ್ರಾಂ ಸರದಿಯಂತೆ ಮಾಡುತ್ತದೆ. ಇನ್ನೊಂದು ಕಡೆ ನಿಜವಾದ ಘಟಕವೇ ಇದೆ. ಕಟಿಂಗ್ ಮೇಜಿನವನು, ಹೊಲಿಗೆಯವನು, ಕಾಜಾದವನು ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದು, ಒಂದು ಗಂಟೆಯ ಸದ್ದಿಗೆ ಏಕಕಾಲಕ್ಕೆ ಕೈ ಆಡಿಸುತ್ತಾರೆ. ಇದು ಎಫ್‌ಪಿಜಿಎ. ಅದರೊಳಗೆ ಸಾವಿರಾರು ಪುಟ್ಟ ತರ್ಕಕೋಶಗಳಿದ್ದು, ಅವುಗಳ ನಡುವಿನ ಸಂಪರ್ಕವನ್ನು ನಾವು ಬರೆದ ವಿವರಣೆಯಂತೆ ಜೋಡಿಸಬಹುದು. ಜೋಡಿಸಿದ ಮೇಲೆ ಅಲ್ಲಿರುವುದು ಪ್ರೋಗ್ರಾಂ ಅಲ್ಲ, ಸರ್ಕ್ಯೂಟು. ಕ್ಸೈಲಿಂಕ್ಸ್ ಕಂಪನಿ 1985ರಲ್ಲಿ ಮಾರುಕಟ್ಟೆಗೆ ತಂದ ಮೊದಲ ಎಫ್‌ಪಿಜಿಎಯಲ್ಲಿ ಇಂತಹ 64 ಕೋಶಗಳಿದ್ದವು. ಮಿಸ್ಟರ್ ಯೋಜನೆ ಬಳಸುವ ಡಿಇ10-ನ್ಯಾನೊ ಬೋರ್ಡಿನ ಚಿಪ್ಪಿನಲ್ಲಿ ಸುಮಾರು 1,10,000 ಇವೆ.

ಏಕಕಾಲಕ್ಕೆ ನಡೆಯುವುದು ಏಕೆ ಮುಖ್ಯ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಫ್ಯಾಮಿಕಾಂನ ಎಷ್ಟೋ ಆಟಗಳಲ್ಲಿ ಮೇಲಿನ ಅಂಕಗಳ ಪಟ್ಟಿ ಅಲುಗಾಡದೆ ನಿಂತಿರುತ್ತದೆ, ಕೆಳಗಿನ ದೃಶ್ಯ ಮಾತ್ರ ಸರಿಯುತ್ತದೆ. ಯಂತ್ರದಲ್ಲಿ ಇದಕ್ಕೆ ಪ್ರತ್ಯೇಕ ಸೌಲಭ್ಯವಿರಲಿಲ್ಲ. ಪಟ್ಟಿಯ ತುದಿಯಲ್ಲಿ ಒಂದು ಪುಟ್ಟ ಆಕೃತಿಯನ್ನು ಇಟ್ಟು, ಟಿವಿಯ ಕಿರಣ ಅದರ ಮೇಲೆ ಹಾದ ಕ್ಷಣವನ್ನು ಪ್ರೊಸೆಸರ್ ಕಾಯುತ್ತಿತ್ತು. ಹಾದ ಕೂಡಲೇ, ಚಿತ್ರ ಇನ್ನೂ ಅರ್ಧ ಮೂಡುತ್ತಿರುವಾಗಲೇ, ದೃಶ್ಯವನ್ನು ಸರಿಸುವ ಅಂಕಿಯನ್ನು ಬದಲಿಸುತ್ತಿತ್ತು. ಲೆಕ್ಕ ಸ್ವಲ್ಪ ತಪ್ಪಿದರೂ ಪಟ್ಟಿ ನಡುಗುತ್ತದೆ, ಕೆಲವೊಮ್ಮೆ ಆಟವೇ ನಿಂತುಹೋಗುತ್ತದೆ. ಎಫ್‌ಪಿಜಿಎಯಲ್ಲಿ ಎರಡು ಸರ್ಕ್ಯೂಟುಗಳು ಒಂದೇ ಕ್ಲಾಕಿಗೆ ನಡೆಯುವುದರಿಂದ ಈ ಹೊಂದಾಣಿಕೆ ಸಹಜವಾಗಿ ಬರುತ್ತದೆ. ಜೊತೆಗೆ ಚಿತ್ರವನ್ನು ಪೂರ್ತಿ ಕೂಡಿಟ್ಟುಕೊಳ್ಳದೆ ಗೆರೆಗೆರೆಯಾಗಿ ಹೊರಗೆ ಕಳಿಸಬಹುದಾದ್ದರಿಂದ, ಗುಂಡಿ ಒತ್ತುವುದಕ್ಕೂ ಪರದೆಯಲ್ಲಿ ಅದು ಕಾಣುವುದಕ್ಕೂ ನಡುವಿನ ವಿಳಂಬ ಕಡಿಮೆ.

ಆದರೆ ಎಫ್‌ಪಿಜಿಎ ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದು ನಂಬಬೇಡಿ. ಕಟಿಂಗಿನ ಅಳತೆಯೇ ತಪ್ಪಿದ್ದರೆ ಎಷ್ಟು ಜನ ಕೂತು ಹೊಲಿದರೂ ಪ್ಯಾಂಟು ಕೆಡುತ್ತದೆ. ಹಳೆಯ ಚಿಪ್ಪಿನ ನಡವಳಿಕೆಯನ್ನು ಬರೆದವರು ಎಷ್ಟು ಅರಿತಿದ್ದಾರೋ ಮರುಸೃಷ್ಟಿಯೂ ಅಷ್ಟೇ ನಿಖರ. ಬಹಳ ಎಚ್ಚರದಿಂದ ಬರೆದ ಎಮ್ಯುಲೇಟರುಗಳು ಅವಸರದ ಎಫ್‌ಪಿಜಿಎ ವಿನ್ಯಾಸಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಫ್ಯಾಮಿಕಾಂ ಯಂತ್ರವನ್ನು ಎಫ್‌ಪಿಜಿಎಯಲ್ಲಿ ಕಟ್ಟಬೇಕೆಂದಿದ್ದೇನೆ. ಕೈಯಲ್ಲಿ ಹೆಚ್ಚು ಹಣವಿಲ್ಲ. ಎಲ್ಲಿಂದ ಆರಂಭಿಸಲಿ? (ರಾಯಚೂರು)

ಉತ್ತರ: ಹಣ ಖರ್ಚು ಮಾಡದೆ ಆರಂಭಿಸಿ. ಸರ್ಕ್ಯೂಟನ್ನು ವೆರಿಲಾಗ್ ಭಾಷೆಯಲ್ಲಿ ಬರೆದು, ಐಕಾರಸ್ ವೆರಿಲಾಗ್ ಎಂಬ ಉಚಿತ ಸಿಮ್ಯುಲೇಟರಿನಲ್ಲಿ ಓಡಿಸಿ, ಸರ್ಕ್ಯೂಟಿನ ಸಂಕೇತಗಳ ಅಲೆಗಳನ್ನು ಜಿಟಿಕೆವೇವ್ ಎಂಬ ಪ್ರೋಗ್ರಾಮಿನಲ್ಲಿ ನೋಡುವುದಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಮೊದಲ ಎರಡು ತಿಂಗಳು ಬೋರ್ಡು ಬೇಕಾಗುವುದೇ ಇಲ್ಲ.

ನೇರವಾಗಿ ಫ್ಯಾಮಿಕಾಂಗೆ ಕೈ ಹಾಕುವ ಬದಲು ಪಾಂಗ್ ಆಟದಿಂದ ಶುರು ಮಾಡುವುದು ಒಳ್ಳೆಯದು. 1972ರಲ್ಲಿ ಅಟಾರಿ ಕಂಪನಿಗಾಗಿ ಅಲನ್ ಅಲ್ಕಾರ್ನ್ ರೂಪಿಸಿದ ಆ ಯಂತ್ರದಲ್ಲಿ ಪ್ರೊಸೆಸರೇ ಇರಲಿಲ್ಲ, ಪ್ರೋಗ್ರಾಮೂ ಇರಲಿಲ್ಲ. ಕೌಂಟರು, ಗೇಟು, ಫ್ಲಿಪ್‌ಫ್ಲಾಪುಗಳಿಂದಲೇ ಚೆಂಡು ಪುಟಿಯುತ್ತಿತ್ತು. ನೀವು ಕಾಲೇಜಿನ ಲ್ಯಾಬಿನಲ್ಲಿ ಬ್ರೆಡ್‌ಬೋರ್ಡಿನ ಮೇಲೆ ಜೋಡಿಸುವ ಬಗೆಯ ಚಿಪ್ಪುಗಳೇ ಅವು. ಅಡ್ಡ ಎಣಿಸುವ ಒಂದು ಕೌಂಟರು, ಉದ್ದ ಎಣಿಸುವ ಒಂದು ಕೌಂಟರು ಬರೆದು, ಇಂತಿಷ್ಟನೆಯ ಗೆರೆಯ ಇಂತಿಷ್ಟನೆಯ ಚುಕ್ಕೆಯಲ್ಲಿ ಬಿಳಿ ಬಣ್ಣ ಹಚ್ಚು ಎಂದು ಹೇಳಿದಾಗ ಪರದೆಯಲ್ಲಿ ಒಂದು ಚೌಕ ಮೂಡುತ್ತದಲ್ಲ, ಅಂದು ನಿಮಗೆ ಫ್ಯಾಮಿಕಾಂನ ಚಿತ್ರದ ಚಿಪ್ಪಿನ ಅರ್ಧ ಅರ್ಥವಾದಂತೆ. ಅದೂ ಗೆರೆಗೆ 341 ಚುಕ್ಕೆ, ಚಿತ್ರಕ್ಕೆ 262 ಗೆರೆ ಎಂದು ಎಣಿಸುವ ಕೌಂಟರುಗಳ ಮೇಲೆಯೇ ನಿಂತಿದೆ.

ಆಮೇಲೆ 6502 ಪ್ರೊಸೆಸರ್. 1975ರ ಈ ಚಿಪ್ಪಿನಲ್ಲಿ ಸುಮಾರು 3,500 ಟ್ರಾನ್ಸಿಸ್ಟರುಗಳು ಮಾತ್ರ ಇದ್ದುದರಿಂದ ಒಬ್ಬ ವಿದ್ಯಾರ್ಥಿಯ ತಲೆಯೊಳಗೆ ಅದು ಪೂರ್ತಿಯಾಗಿ ಹಿಡಿಸುತ್ತದೆ. ಹೊದಿಕೆ ತೆಗೆದ ಚಿಪ್ಪಿನ ಫೋಟೊಗಳಿಂದ ಪ್ರತಿ ಟ್ರಾನ್ಸಿಸ್ಟರನ್ನೂ ಗುರುತಿಸಿ ತೋರಿಸುವ ವಿಷುಯಲ್ 6502 ಎಂಬ ಯೋಜನೆ ಇದೆ. ಸೂಚನೆಯೊಂದು ಒಳಗೆ ಹೇಗೆ ಹರಿಯುತ್ತದೆ ಎಂದು ಅಲ್ಲಿ ಕಣ್ಣಾರೆ ನೋಡಬಹುದು. ಫ್ಯಾಮಿಕಾಂನಲ್ಲಿದ್ದದ್ದು ಇದರ ಒಂದು ರೂಪ, ದಶಮಾಂಶ ಲೆಕ್ಕದ ಸೌಲಭ್ಯ ಮಾತ್ರ ಅದರಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮ ಪ್ರೊಸೆಸರ್ ಸರಿಯಿದೆಯೇ ಎಂದು ಪರೀಕ್ಷಿಸಲು ಕೆವಿನ್ ಹಾರ್ಟನ್ ಬರೆದ ನೆಸ್‌ಟೆಸ್ಟ್ ಎಂಬ ಪ್ರೋಗ್ರಾಂ ಇದೆ. ಅದರ ಜೊತೆ ಸರಿಯಾದ ಯಂತ್ರದ ನಡೆಯನ್ನು ದಾಖಲಿಸಿದ ಸಾವಿರಾರು ಸಾಲುಗಳ ಪಟ್ಟಿಯೂ ಸಿಗುತ್ತದೆ. ನಿಮ್ಮ ಸಿಮ್ಯುಲೇಟರಿನಿಂದಲೂ ಅಂತಹದೇ ಪಟ್ಟಿ ಬರೆಸಿ, ಎರಡನ್ನೂ ಹೋಲಿಸಿ, ಮೊದಲ ವ್ಯತ್ಯಾಸ ಬಂದ ಸಾಲಿನಲ್ಲಿ ನಿಲ್ಲಿ. ತಪ್ಪು ಅಲ್ಲೇ ಇರುತ್ತದೆ. ತಿದ್ದಿ, ಮತ್ತೆ ಓಡಿಸಿ. ಇದಕ್ಕಿಂತ ಒಳ್ಳೆಯ ಗುರುವನ್ನು ನಾನು ಕಂಡಿಲ್ಲ.

ಬೋರ್ಡು ಕೊಳ್ಳುವ ಹೊತ್ತಿಗೆ ಡಿಇ10-ನ್ಯಾನೊ ನಿಮ್ಮ ಕೈಗೆ ನಿಲುಕದಿದ್ದರೆ ಬೇಸರ ಬೇಡ. ಸಿಪೀಡ್ ಕಂಪನಿಯ ಟ್ಯಾಂಗ್ ನ್ಯಾನೊ 20ಕೆ ಎಂಬ ಬೆರಳುದ್ದದ ಬೋರ್ಡು ಅದಕ್ಕಿಂತ ಬಹಳ ಅಗ್ಗ. ಅದರಲ್ಲಿ 20,736 ತರ್ಕಕೋಶಗಳೂ ಎಚ್‌ಡಿಎಂಐ ಸಾಕೆಟ್ಟೂ ಇವೆ, ಮತ್ತು ಫ್ಯಾಮಿಕಾಂ ಅದರಲ್ಲಿ ಓಡಬಲ್ಲದು ಎಂಬುದನ್ನು ನೆಸ್‌ಟ್ಯಾಂಗ್ ಎಂಬ ಮುಕ್ತ ಯೋಜನೆ ತೋರಿಸಿದೆ. ಅದರ ವೆರಿಲಾಗನ್ನು ಓದಿ ಕಲಿಯಿರಿ, ಆದರೆ ನಿಮ್ಮ ಪ್ರಾಜೆಕ್ಟಿಗೆ ನೀವೇ ಬರೆದ ಪ್ರೊಸೆಸರನ್ನಾದರೂ ಕೂರಿಸಿ. ಬೇರೆಯವರದನ್ನು ಇಳಿಸಿಕೊಂಡು ಹೆಸರು ಬದಲಿಸಿದರೆ ಮೌಖಿಕ ಪರೀಕ್ಷೆಯ ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ. ಕರೆಂಟು ಹೋಗಿ ಬಂದರೆ ವಿನ್ಯಾಸ ಅಳಿಸಿಹೋಗುತ್ತದೆಯೇ ಎಂದೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಇಂತಹ ಚಿಪ್ಪಿನೊಳಗಿನ ಜೋಡಣೆ ಕರೆಂಟು ಹೋದೊಡನೆ ಅಳಿಯುವುದು ನಿಜ; ಬೋರ್ಡಿನ ಫ್ಲ್ಯಾಶ್ ಮೆಮೊರಿಯಲ್ಲಿ ಅದನ್ನು ಬರೆದಿಟ್ಟಿದ್ದರೆ ಕರೆಂಟು ಬಂದಾಗ ತಾನಾಗಿ ಮತ್ತೆ ಜೋಡಣೆಯಾಗುತ್ತದೆ. ಆಟದ ಹಳೆಯ ಕ್ಯಾಸೆಟ್ಟನ್ನು ಬೋರ್ಡಿಗೆ ನೇರವಾಗಿ ಸಿಕ್ಕಿಸುವ ಸಾಹಸ ಮಾತ್ರ ಬೇಡ. ಕ್ಯಾಸೆಟ್ಟು 5 ವೋಲ್ಟಿನದು, ಎಫ್‌ಪಿಜಿಎಯ ಪಿನ್ನುಗಳು ತಡೆಯುವುದು 3.3 ವೋಲ್ಟು. ನಡುವೆ ವೋಲ್ಟನ್ನು ಹೊಂದಿಸುವ ಲೆವೆಲ್ ಶಿಫ್ಟರ್ ಇಲ್ಲದಿದ್ದರೆ ಚಿಪ್ಪು ಸುಡಬಹುದು.

ಪ್ರಶ್ನೆ: ಬಾತುಕೋಳಿ ಹೊಡೆಯುವ ಆಟದ ಬಂದೂಕು ಹೊಸ ಎಲ್‌ಇಡಿ ಟಿವಿಯಲ್ಲಿ ಗುರಿ ಹಿಡಿಯುವುದೇ ಇಲ್ಲ. ಎಫ್‌ಪಿಜಿಎಯಿಂದ ಸರಿಹೋಗುತ್ತದೆಯೇ? (ಕೊಪ್ಪಳ)

ಉತ್ತರ: ಅದರಿಂದ ಮಾತ್ರವೇ ಸರಿಹೋಗದು. ಬಂದೂಕಿನ ತುದಿಯಲ್ಲಿರುವುದು ಬೆಳಕನ್ನು ಗ್ರಹಿಸುವ ಕಣ್ಣು. ಕುದುರೆ ಎಳೆದೊಡನೆ ಆಟ ಪರದೆಯನ್ನು ಕ್ಷಣಕಾಲ ಕಪ್ಪಾಗಿಸಿ, ಹಕ್ಕಿ ಇದ್ದ ಜಾಗದಲ್ಲಿ ಬಿಳಿಯ ಚೌಕವನ್ನು ಬಿಡಿಸುತ್ತದೆ. ಆ ಹೊತ್ತಿಗೇ ಕಣ್ಣಿಗೆ ಬೆಳಕು ಕಂಡರೆ ಗುರಿ ತಾಗಿದಂತೆ. ಎಲ್‌ಇಡಿ ಟಿವಿ ಚಿತ್ರವನ್ನು ತಡವಾಗಿ ತೋರಿಸುವುದರಿಂದ ಬೆಳಕು ಬರುವಷ್ಟರಲ್ಲಿ ಲೆಕ್ಕ ಮುಗಿದಿರುತ್ತದೆ. ಅಲ್ಲದೆ, ಪಿಕ್ಚರ್ ಟ್ಯೂಬಿನ ಕಿರಣ ಸೆಕೆಂಡಿಗೆ 15,000ಕ್ಕೂ ಹೆಚ್ಚು ಗೆರೆ ಎಳೆಯುವಾಗ ಉಂಟಾಗುವ ಮಿಣುಕನ್ನೇ ಆ ಕಣ್ಣು ಹುಡುಕುತ್ತದೆ. ಹೊಸ ಪರದೆಯಲ್ಲಿ ಆ ಮಿಣುಕಿಲ್ಲ. ಎಫ್‌ಪಿಜಿಎ ಯಂತ್ರವನ್ನು ಹಳೆಯ ಪಿಕ್ಚರ್ ಟ್ಯೂಬ್ ಟಿವಿಗೆ ಅನಲಾಗ್ ತಂತಿಯಲ್ಲಿ ಜೋಡಿಸಿ, ಬಂದೂಕನ್ನು ಸೂಕ್ತ ಅಡಾಪ್ಟರಿನಿಂದ ನೇರವಾಗಿ ಸಿಕ್ಕಿಸಿದರೆ ಮೊದಲಿನಂತೆ ಆಡಬಹುದು. ಹಳೆಯ ಟಿವಿಯನ್ನು ಗುಜರಿಗೆ ಹಾಕಿಲ್ಲವಾದರೆ ಇಟ್ಟುಕೊಳ್ಳಿ.

ಪ್ರಶ್ನೆ: ಇದೆಲ್ಲ ಕಾನೂನಿಗೆ ಒಪ್ಪಿಗೆಯೇ? (ಸಿಂಧನೂರು)

ಉತ್ತರ: ಯಂತ್ರವೂ ಆಟವೂ ಬೇರೆ ಬೇರೆ ಎಂದು ತಿಳಿಯಿರಿ. ನಮ್ಮಲ್ಲಿ ಪೇಟೆಂಟಿನ ಅವಧಿ 20 ವರ್ಷ, 2000ದ ಕಾಯ್ದೆಯಂತೆ ಚಿಪ್ಪಿನ ವಿನ್ಯಾಸಕ್ಕೆ ಇರುವ ರಕ್ಷಣೆ 10 ವರ್ಷ. 1983ರ ಯಂತ್ರದ ಮಟ್ಟಿಗೆ ಇವೆರಡೂ ಕಳೆದ ಕಾಲದ ಮಾತು. ಆಟಗಳ ಕೃತಿಸ್ವಾಮ್ಯ ಮಾತ್ರ ಇನ್ನೂ ಜೀವಂತವಾಗಿದೆ. ನ್ಯಾಯಬದ್ಧವಾಗಿ ಪಡೆದ ಪ್ರತಿಯಿಂದ ಸ್ವಂತ, ವಾಣಿಜ್ಯೇತರ ಬಳಕೆಗೆ ನಕಲು ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಅವಕಾಶವಿದೆ. ಸಾವಿರ ಆಟಗಳನ್ನು ಕಾರ್ಡಿನಲ್ಲಿ ತುಂಬಿ ಮಾರುವುದಕ್ಕೆ ಅವಕಾಶವಿಲ್ಲ.

ಪ್ರಶ್ನೆ: ಹಳೆಯ ಪೆಟ್ಟಿಗೆಯ ಅಡಾಪ್ಟರ್ ಕಳೆದಿದೆ. ಮನೆಯಲ್ಲಿರುವ ಬೇರೆ ಯಾವುದಾದರೂ 9 ವೋಲ್ಟಿನದನ್ನು ಹಾಕಬಹುದೇ? (ಲಿಂಗಸುಗೂರು)

ಉತ್ತರ: ಹಾಕುವ ಮೊದಲು ಪಿನ್ನಿನ ಒಳಗಿನ ಭಾಗ ಪ್ಲಸ್ಸೋ ಮೈನಸ್ಸೋ ನೋಡಿ. ಮೂಲ ಫ್ಯಾಮಿಕಾಂನಲ್ಲಿ ನಡುವಿನದು ಮೈನಸ್. ನಕಲು ಪೆಟ್ಟಿಗೆಗಳಲ್ಲಿ ಒಂದೊಂದು ಒಂದೊಂದು ತರಹ. ಪೆಟ್ಟಿಗೆಯ ಅಡಿಯಲ್ಲಿ ಗುರುತು ಅಳಿಸಿಹೋಗಿದ್ದರೆ ಮುಚ್ಚಳ ಬಿಚ್ಚಿ, 7805 ಎಂದು ಬರೆದಿರುವ ಮೂರು ಕಾಲಿನ ರೆಗ್ಯುಲೇಟರನ್ನು ಹುಡುಕಿ. ಅದರ ನಡುವಿನ ಕಾಲು ನೆಲ, ಅಂದರೆ ಮೈನಸ್. ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಒಂದು ತಂತಿಯನ್ನು ಆ ಕಾಲಿಗೂ ಇನ್ನೊಂದನ್ನು ಸಾಕೆಟ್ಟಿನ ಒಳಪಿನ್ನಿಗೂ ತಾಗಿಸಿ. ಸದ್ದು ಬಂದರೆ ನಡುವಿನದು ಮೈನಸ್. ಬಾರದಿದ್ದರೆ ಸಾಕೆಟ್ಟಿನ ಹೊರ ಅಂಚಿಗೆ ತಾಗಿಸಿ ಖಚಿತಪಡಿಸಿಕೊಂಡ ಮೇಲೆಯೇ ಅಡಾಪ್ಟರ್ ಕೊಳ್ಳಿ.