ಗಂಟು ತೆಗೆಸುವ ಮೊದಲು ಬಯಾಪ್ಸಿ ಮಾಡಿಸಿ

ವಯಸ್ಸು 43, ಎದೆಯಲ್ಲಿ ಗಂಟು, ಮ್ಯಾಮೋಗ್ರಾಂ ವರದಿಯಲ್ಲಿ ಬೈರಾಡ್ಸ್ 4, ಅಂದರೆ ಕ್ಯಾನ್ಸರ್ ಇರಬಹುದೆಂಬ ಅನುಮಾನ. ಬಯಾಪ್ಸಿಗೆ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸಲು, ಸೂಜಿ ಚುಚ್ಚಿದರೆ ಹರಡುತ್ತೆ ಅನ್ನುವ ಭಯ. ಅದಕ್ಕೇ ಸೀದಾ ಗಂಟು ತೆಗೆಸಿ, ಆಮೇಲೆ ಜೀನ್ ಟೆಸ್ಟ್ ಮಾಡಿಸಿ 'ಪರ್ಸನಲೈಸ್ಡ್' ಚಿಕಿತ್ಸೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ನಾನು ಮಾಡಿದ್ದೂ ಇದನ್ನೇ. ದಯವಿಟ್ಟು ಹಾಗೆ ಮಾಡಬೇಡಿ.

ನನಗೂ ಆಗ ನಲವತ್ತು ದಾಟಿತ್ತು. ಗಂಟಿಗೆ ಚುಚ್ಚಿದರೆ ಕೆರಳುತ್ತೆ ಅಂತ ನಮ್ಮ ಅತ್ತೆ ಹೇಳಿದರು, ಪಕ್ಕದ ಮನೆಯವರೂ ಹೇಳಿದರು. ನನಗೋ ಅದು ಮೈಯೊಳಗೆ ಇನ್ನೊಂದು ದಿನ ಇರುವುದೂ ಬೇಡವಾಗಿತ್ತು. ಊರಿನ ನರ್ಸಿಂಗ್ ಹೋಂನಲ್ಲಿ 'ಚಿಕ್ಕ ಆಪರೇಷನ್, ಸಂಜೆ ಮನೆಗೆ ಹೋಗಬಹುದು' ಅಂದರು. ಒಪ್ಪಿಕೊಂಡೆ.

ಇದರಿಂದ ಏನು ಕಳೆದುಕೊಂಡೆ ಅಂತ ಬಿಡಿಸಿ ಹೇಳುತ್ತೇನೆ. ಕ್ಯಾನ್ಸರ್ ಅಂತ ಖಚಿತವಾಗದೆ ತೆಗೆದದ್ದರಿಂದ ಸುತ್ತಲಿನ ಭಾಗವನ್ನು ಸಾಕಷ್ಟು ಸೇರಿಸಿ ತೆಗೆದಿರಲಿಲ್ಲ. ಅಂಚಿನಲ್ಲಿ ರೋಗ ಉಳಿದಿತ್ತು. ಎರಡನೇ ಆಪರೇಷನ್ ಆಯಿತು. ಅದನ್ನಾದರೂ ಸಹಿಸಬಹುದು. ದೊಡ್ಡ ನಷ್ಟ ಬೇರೆ. ತೆಗೆದ ಗಂಟಿನ ಐಎಚ್‌ಸಿ ಪರೀಕ್ಷೆಯಲ್ಲಿ (ಬಣ್ಣ ಹಚ್ಚಿ ಜೀವಕೋಶದ ಪ್ರೋಟೀನ್ ನೋಡುವುದು) ಹರ್-2 ಪಾಸಿಟಿವ್ ಬಂತು, ಅಂದರೆ ಕ್ಯಾನ್ಸರ್ ಬೆಳೆಸುವ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇತ್ತು. ಗಂಟು ಮೂರು ಸೆಂಟಿಮೀಟರ್ ಇತ್ತು. ಅಷ್ಟು ದೊಡ್ಡ ಹರ್-2 ಗಂಟಿಗೆ ಸಾಮಾನ್ಯವಾಗಿ ಮೊದಲು ಕೀಮೋ ಜೊತೆ ಹರ್-2 ಅನ್ನೇ ಗುರಿ ಮಾಡುವ ಟ್ರಾಸ್ಟುಜುಮ್ಯಾಬ್‌ನಂಥ ಔಷಧಿ ಕೊಡುತ್ತಾರೆ, ಆಪರೇಷನ್ ಆಮೇಲೆ. ಗಂಟು ಜಾಗದಲ್ಲೇ ಇದ್ದರೆ ಔಷಧಿ ಹಿಡಿಯುತ್ತಿದೆಯಾ ಅಂತ ಗೊತ್ತಾಗುತ್ತೆ. ಪೂರ್ತಿ ಕರಗಿದ್ದರೆ ಅದೇ ಔಷಧಿ ಮುಂದುವರಿಸುತ್ತಾರೆ. ಆಪರೇಷನ್ ವೇಳೆ ರೋಗ ಉಳಿದದ್ದು ಕಂಡರೆ ಟಿ-ಡಿಎಂ1 (ಟ್ರಾಸ್ಟುಜುಮ್ಯಾಬ್ ಜೊತೆ ಕೀಮೋ ಔಷಧಿ ಜೋಡಿಸಿದ್ದು) ಔಷಧಿಗೆ ಬದಲಾಯಿಸುತ್ತಾರೆ. ಹಾಗೆ ಬದಲಾಯಿಸಿದವರಲ್ಲಿ ಆಕ್ರಮಣಕಾರಿ ರೋಗ ಮರಳುವ ಅಥವಾ ಸಾವಿನ ಅಪಾಯ ಅರ್ಧಕ್ಕೆ ಇಳಿದದ್ದನ್ನು 2018ರಲ್ಲಿ ಕ್ಯಾಥರೀನ್ ಅಧ್ಯಯನ ತೋರಿಸಿತು. ನನ್ನ ಗಂಟು ಆಗಲೇ ಫಾರ್ಮಲಿನ್ ಡಬ್ಬಿ ಸೇರಿತ್ತು. ಅಳೆದು ನೋಡಲು ಏನೂ ಉಳಿದಿರಲಿಲ್ಲ. ಒಂದು ವರ್ಷ, ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮ್ಯಾಬ್ ಹಾಕಿಸಿಕೊಂಡೆ. ಇದು ನನಗೆ ಹಿಡಿಯುತ್ತಿದೆಯೋ ಇಲ್ಲವೋ ಅಂತ ಪ್ರತಿ ಸಲವೂ ಅನ್ನಿಸುತ್ತಿತ್ತು. ಡಾಕ್ಟರ ಬಳಿಯೂ ಉತ್ತರ ಇರಲಿಲ್ಲ.

ಸೂಜಿಯಿಂದ ಕ್ಯಾನ್ಸರ್ ಮೈಗೆಲ್ಲ ಹರಡುತ್ತೆ ಅನ್ನುವುದಕ್ಕೆ ಆಧಾರವಿಲ್ಲ. ಆದರೆ ಕೋರ್ ಬಯಾಪ್ಸಿಯನ್ನೇ ಕೇಳಿ. ಕೆಲವು ಕಡೆ ಟ್ರೂಕಟ್ ಅಂತಾರೆ. ಎಫ್‌ಎನ್‌ಎಸಿಯಲ್ಲಿ ಸಣ್ಣ ಸೂಜಿಯಿಂದ ಹೀರಿದ ಬಿಡಿ ಜೀವಕೋಶ ಮಾತ್ರ ಸಿಗುತ್ತೆ, ಕೋರ್‌ನಲ್ಲಿ ಮಾಂಸದ ಎಳೆಯೇ ಬರುತ್ತೆ. ಇಆರ್, ಪಿಆರ್ (ಎರಡೂ ಹಾರ್ಮೋನ್ ಗ್ರಾಹಕಗಳು), ಹರ್-2 ಮೂರನ್ನೂ ಅದರಲ್ಲಿ ಸರಿಯಾಗಿ ನೋಡಬಹುದು. ಹರ್-2 ವರದಿಯಲ್ಲಿ '2+' ಅಂತ ಬಂದರೆ, ಅಂದರೆ ಖಚಿತವಾಗದಿದ್ದರೆ, ಅಲ್ಲಿಗೇ ಬಿಡಬೇಡಿ, ಹರ್-2 ಜೀನ್ ಎಣಿಸಿ ನೋಡುವ ಫಿಶ್ ಪರೀಕ್ಷೆ ಮಾಡಿಸಿ.

ನೀವು ಹುಡುಕುತ್ತಿರುವ ಪರ್ಸನಲೈಸ್ಡ್ ಚಿಕಿತ್ಸೆ ಶುರುವಾಗುವುದೇ ಈ ಮೂರು ಸಾಲಿನ ವರದಿಯಿಂದ. ಜೀನ್ ಟೆಸ್ಟ್ ಎಲ್ಲರಿಗೂ ಬೇಕಿಲ್ಲ. ಕೀಮೋ ಬೇಕಾ ಬೇಡವಾ ಅಂತ ಹೇಳುವ 21 ಜೀನ್‌ಗಳ ಪರೀಕ್ಷೆ ಇಆರ್ ಪಾಸಿಟಿವ್, ಹರ್-2 ನೆಗೆಟಿವ್ ಇದ್ದವರಿಗೆ. ಅಂಥವರಲ್ಲಿ ಕಂಕುಳಿನ ಗ್ರಂಥಿಗೆ ರೋಗ ಹೋಗದ ಬಹಳಷ್ಟು ಹೆಂಗಸರಿಗೆ ಕೀಮೋ ಇಲ್ಲದೆಯೇ ನಡೆಯುತ್ತೆ ಅಂತ 2018ರ ಟೇಲರ್‌ಎಕ್ಸ್ ಅಧ್ಯಯನದಿಂದ ಗೊತ್ತಾಯಿತು. ಹರ್-2 ಪಾಸಿಟಿವ್ ಬಂದರೆ ಆ ಪರೀಕ್ಷೆಗೆ ಸುಮ್ನೆ ದುಡ್ಡು ಸುರಿಯಬೇಡಿ. ಬಿಆರ್‌ಸಿಎ ರಕ್ತಪರೀಕ್ಷೆ ಬೇರೆ, ಅದು ವಂಶದಿಂದ ಬರುವ ಜೀನ್ ದೋಷ ಹುಡುಕುತ್ತೆ. ಅಮ್ಮನಿಗೋ ಅಕ್ಕತಂಗಿಯರಿಗೋ ಈ ರೋಗ ಬಂದಿದ್ದರೆ, ಅಥವಾ ಮೂರೂ ನೆಗೆಟಿವ್ ಬಂದರೆ, ಅದನ್ನು ಖಂಡಿತ ಕೇಳಿ.

ಎಐ ಸ್ಕ್ರೀನಿಂಗ್ ಕೂಡ ಮಾಡಿಸಲಾ ಅಂತ ಬರೆದಿದ್ದೀರಿ. ಸ್ವೀಡನ್‌ನ ಮಸಾಯ್ ಅಧ್ಯಯನದಲ್ಲಿ ಎಐ ನೆರವಿನಿಂದ ಡಾಕ್ಟರುಗಳು ಮ್ಯಾಮೋಗ್ರಾಂ ಓದುವ ಕೆಲಸ 44% ಇಳಿಯಿತು, ಪತ್ತೆಯಾಗುವ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಸ್ಕ್ರೀನಿಂಗ್ ಇರುವುದು ಯಾವ ಲಕ್ಷಣವೂ ಇಲ್ಲದವರಿಗೆ, ಅಲ್ವಾ? ನಿಮ್ಮ ಕೈಗೆ ಗಂಟು ಸಿಕ್ಕಿದೆ. ಇನ್ನೊಂದು ಸ್ಕ್ಯಾನ್ ಮಾಡಿಸುತ್ತಾ ದಿನ ಕಳೆಯಬೇಡಿ.

ಯಾವ ಆಸ್ಪತ್ರೆ ಒಳ್ಳೆಯದು ಅಂತಾನೂ ಕೇಳಿದ್ದೀರಿ. ಹೆಸರಿಗಿಂತ ಇದನ್ನು ವಿಚಾರಿಸಿ: ಆಪರೇಷನ್‌ಗೆ ಮೊದಲೇ ಸರ್ಜನ್, ಕೀಮೋ ಡಾಕ್ಟರ್, ಪೆಥಾಲಜಿಸ್ಟ್ ಒಟ್ಟಿಗೆ ಕೂತು ಕೇಸ್ ನೋಡುತ್ತಾರಾ? ನೋಡುತ್ತಾರೆ ಅಂದರೆ ಅಲ್ಲಿಗೇ ಹೋಗಿ, ಈ ವಾರವೇ. ಬಯಾಪ್ಸಿ ವರದಿ ಬಂದ ಮೇಲೆ ಅದರಲ್ಲಿ ಅರ್ಥವಾಗದ್ದು ಇದ್ದರೆ ಇಲ್ಲೇ ಕೇಳಿ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ.