ಪ್ಲೇಟ್‌ಲೆಟ್ ಕಡಿಮೆ ಇದ್ದವರಿಗೆ ಆಪರೇಷನ್ ಆದ ಮೇಲೆ ರಕ್ತ ನಿಲ್ಲುತ್ತಾ? ನನ್ನ ಅನುಭವ

ನಿಮ್ಮ ಪ್ರಶ್ನೆ ಓದಿದೆ. ಐಟಿಪಿ (ನಮ್ಮ ಮೈಯೇ ಪ್ಲೇಟ್‌ಲೆಟ್ ನಾಶ ಮಾಡುವ ಕಾಯಿಲೆ) ಇದೆ, ರಕ್ತ ನಿಲ್ಲಿಸುವ ಕಣಗಳಾದ ಪ್ಲೇಟ್‌ಲೆಟ್ 35ರಿಂದ 45 ಸಾವಿರದ ನಡುವೆ ಓಲಾಡುತ್ತಿದೆ, ಮುಂದಿನ ತಿಂಗಳು ಪಿತ್ತಕೋಶ ತೆಗೆಯುವ ಆಪರೇಷನ್, ಮನೆ ಹೊಸನಗರದಿಂದ ಇನ್ನೂ ಒಳಗೆ. ಮನೆಗೆ ಬಂದ ಮೇಲೆ ರಕ್ತ ಬಂದರೆ ಏನು ಮಾಡೋದು, ಅಡಿಕೆ ಸುಲಿಯಲು ಯಾವಾಗ ಕೂರಬಹುದು ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. ಹನ್ನೊಂದು ವರ್ಷದಿಂದ ಐಟಿಪಿ ಇದೆ, ಪಿತ್ತಕೋಶ ತೆಗೆಸಿ ಎರಡು ವರ್ಷವಾಯಿತು. ಡಾಕ್ಟರ್ ಅಲ್ಲ, ಹಾಗಾಗಿ ಯಾವ ಮಾತ್ರೆ ಎಷ್ಟು ಅನ್ನೋದನ್ನು ನನ್ನಿಂದ ಕೇಳಬೇಡಿ. ಉಳಿದದ್ದು ಹೇಳುತ್ತೇನೆ.

ನಿಜ ಹೇಳಬೇಕಂದರೆ ನಿಮ್ಮ 40 ಸಾವಿರ ನೋಡಿ ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ಮನೆ ಇರುವ ಜಾಗ ಓದಿ ಆಯಿತು. ಯಾಕೆ ಅಂತ ಗೊತ್ತಾಗಬೇಕಾದರೆ ನನ್ನ ಹಲ್ಲಿನ ಕಥೆ ಕೇಳಬೇಕು.

ಪಿತ್ತಕೋಶಕ್ಕೂ ನಾಲ್ಕು ವರ್ಷ ಮೊದಲು ಒಂದು ದವಡೆ ಹಲ್ಲು ಕೀಳಿಸಿದ್ದೆ. ಆಷಾಢದ ಮಳೆ. ನೋವು ತಡೆಯಲಾಗದೆ ಹತ್ತಿರ ಸಿಕ್ಕ ಕ್ಲಿನಿಕ್ಕಿಗೆ ಹೋದೆ. ಶುಗರ್ ಇದೆಯಾ, ಬಿಪಿ ಇದೆಯಾ ಅಂತ ಕೇಳಿದರು, ಇಲ್ಲ ಅಂದೆ. ರಕ್ತದ ವಿಷಯ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಒಂದು ಹಲ್ಲು ತಾನೇ ಅನ್ನೋ ಅಸಡ್ಡೆ. ಕೀಳುವಾಗ ಏನೂ ಆಗಲಿಲ್ಲ. ಮರಗಟ್ಟಿಸುವ ಇಂಜೆಕ್ಷನ್‌ನಲ್ಲಿ ರಕ್ತನಾಳ ಬಿಗಿ ಹಿಡಿಯುವ ಔಷಧಿಯೂ ಸೇರಿರುತ್ತದೆ, ಅದರ ಕೆಲಸ ನಡೆಯುವ ತನಕ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಅದು ಇಳಿದದ್ದು ಸಂಜೆ. ಅಷ್ಟರಲ್ಲಿ ಅವರು ಕೊಟ್ಟ ನೋವಿನ ಮಾತ್ರೆ ನುಂಗಿದ್ದೆ, ಅದರಲ್ಲಿ ಐಬುಪ್ರೊಫೇನ್ ಇತ್ತು. ಇರುವ ನಾಲ್ಕು ಪ್ಲೇಟ್‌ಲೆಟ್‌ಗಳನ್ನೂ ಮಂಕು ಮಾಡುವ ಮಾತ್ರೆ ಅದು. ರಾತ್ರಿ ಎಂಟಕ್ಕೆ ಬಾಯಲ್ಲಿ ಕಬ್ಬಿಣದ ರುಚಿ. ಉಗಿದೆ, ಮುಕ್ಕಳಿಸಿದೆ, ಮತ್ತೆ ಉಗಿದೆ. ಹಾಗೆ ಮಾಡಿದ್ದೇ ತಪ್ಪು. ಉಗಿದಷ್ಟೂ ಆಗಷ್ಟೇ ಕೂತ ಹೆಪ್ಪು ಕಿತ್ತು ಬರುತ್ತದೆ. ಅತ್ತೆ ಅಡಿಕೆ ಚೊಗರು ಹಾಕಿಕೋ ಅಂದರು, ಪಕ್ಕದ ಮನೆಯವರು ಕಾಫಿಪುಡಿ ಒತ್ತು ಅಂದರು. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ದಾರಿಗೆ ಅಡ್ಡ ಮರ ಬಿದ್ದಿತ್ತು. ಬೆಳಗಿನ ಜಾವ ಮರ ಕಡಿದು ದಾರಿ ಬಿಡಿಸಿಕೊಂಡು ಭಾವ ಜೀಪು ತೆಗೆದರು. ಶಿವಮೊಗ್ಗ ಮುಟ್ಟುವಾಗ ನನ್ನ ಮಡಿಲಲ್ಲಿದ್ದ ಸ್ಟೀಲ್ ಬೋಗುಣಿಯಲ್ಲಿ ಅರ್ಧದಷ್ಟು ಇತ್ತು, ಅದರಲ್ಲಿ ಎಂಜಲೇ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು, ಆದರೆ ಆಗ ಅದನ್ನು ನೋಡಿದವರಿಗೆ ಧೈರ್ಯ ಎಲ್ಲಿಂದ ಬರಬೇಕು.

ಅಲ್ಲಿ ಅವರು ಮಾಡಿದ್ದು ಇಷ್ಟೇ. ಲೋಳೆಯಂಥ ಹೆಪ್ಪನ್ನು ಪೂರ್ತಿ ತೆಗೆದು ತೊಳೆದರು. ಹಲ್ಲು ಕಿತ್ತ ಗುಳಿಯೊಳಗೆ ಕರಗುವ ಸ್ಪಂಜಿನ ಒಂದು ತುಂಡು ತುರುಕಿ ಎರಡು ಹೊಲಿಗೆ ಹಾಕಿದರು. ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್‌ನಲ್ಲಿ ನೆನೆಸಿದ ಗಾಜ್ ಬಟ್ಟೆ ಇಟ್ಟು, ಅರ್ಧ ಗಂಟೆ ಕಚ್ಚಿಕೊಂಡು ಕೂರಿ, ನಡುವೆ ತೆಗೆದು ನೋಡಬೇಡಿ ಅಂದರು. ನಿಂತೇ ಹೋಯಿತು. ಕೌಂಟ್ ನೋಡಿದರೆ 19 ಸಾವಿರ! ಹೊರಗಿನಿಂದ ಪ್ಲೇಟ್‌ಲೆಟ್ ಏರಿಸಲೇ ಇಲ್ಲ, ಸ್ಟಿರಾಯ್ಡ್ ಶುರು ಮಾಡಿದರು ಅಷ್ಟೇ. ರಾತ್ರಿಯೆಲ್ಲ ಒದ್ದಾಡಿದ್ದು ಒಂದು ಗಾಜ್ ತುಂಡು, ಎರಡು ಹೊಲಿಗೆ ಕೈಗೆ ಸಿಗದೆ.

ಅದಕ್ಕೇ ಹೇಳಿದ್ದು. ಆರೋಗ್ಯವಂತರಿಗೆ 1.5 ಲಕ್ಷದಿಂದ 4.5 ಲಕ್ಷ ಇರುತ್ತದೆ. ದೊಡ್ಡ ಆಪರೇಷನ್‌ಗೆ ಸಾಮಾನ್ಯವಾಗಿ 50 ಸಾವಿರ ದಾಟಿರಲಿ ಅನ್ನುತ್ತಾರೆ, ಮೆದುಳಿನದ್ದಾದರೆ 1 ಲಕ್ಷ. ಹಾಗಾಗಿ ನಿಮಗೆ ಬೇಕಿರುವುದು ಸ್ವಲ್ಪ ಏರಿಕೆ, ಪವಾಡ ಅಲ್ಲ. ಅಂದಹಾಗೆ ಊರಲ್ಲಿ ಎಲ್ಲರೂ ಇದನ್ನು ಬಿಳಿ ರಕ್ತಕಣ ಅನ್ನುತ್ತಾರೆ. ಬಿಳಿ ರಕ್ತಕಣವೇ ಬೇರೆ, ಪ್ಲೇಟ್‌ಲೆಟ್ಟೇ ಬೇರೆ. ಆಸ್ಪತ್ರೆಯಲ್ಲಿ ಹೇಳುವಾಗ ಸರಿಯಾಗಿ ಹೇಳಿ. ಇನ್ನೊಂದು, ಕೆಲವರ ರಕ್ತ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಗುಂಪುಗಟ್ಟಿ ಮೆಷಿನ್ನಿಗೆ ಕಡಿಮೆ ಅಂತ ಕಾಣುತ್ತದೆ. ಸ್ಲೈಡ್ ಮೇಲೆ ನೋಡಿದ್ದಾರಾ, ನೀಲಿ ಮುಚ್ಚಳದ್ದರಲ್ಲಿ ಒಮ್ಮೆ ಮಾಡಿದ್ದಾರಾ ಅಂತ ಕೇಳಿ. ನನ್ನದು ನಿಜವಾಗಿಯೂ ಕಡಿಮೆಯೇ ಇತ್ತು, ಆದರೂ ಕೇಳಿದ್ದಕ್ಕೆ ಯಾರೂ ಬೈಯಲಿಲ್ಲ.

ಪಿತ್ತಕೋಶದ ಸಲ ನಾನು ಜಾಣೆಯಾಗಿದ್ದೆ. ಒಂದು ತಿಂಗಳು ಮೊದಲೇ ಸರ್ಜನ್ನು, ಅರಿವಳಿಕೆ ಡಾಕ್ಟರು, ರಕ್ತದ ಡಾಕ್ಟರು ಮೂವರಿಗೂ ಒಂದೇ ಫೈಲು ತೋರಿಸಿದೆ. ಒಬ್ಬರು ಇನ್ನೊಬ್ಬರಿಗೆ ಹೇಳಿರುತ್ತಾರೆ ಅಂತ ನಂಬಬೇಡಿ ಮಾರಾಯ್ರೆ, ಫೈಲು ಹೊತ್ತುಕೊಂಡು ತಿರುಗುವುದು ನಮ್ಮದೇ ಕೆಲಸ. ನನ್ನ ಕೌಂಟ್ ಆಗ 38 ಸಾವಿರ. ಡೆಕ್ಸಾಮೆಥಸೋನ್ ಅನ್ನೋ ಸ್ಟಿರಾಯ್ಡ್ ನಾಲ್ಕು ದಿನ ಕೊಟ್ಟರು, 72 ಸಾವಿರಕ್ಕೆ ಬಂತು. ಆ ನಾಲ್ಕು ದಿನ ನಿದ್ದೆ ಇಲ್ಲ, ಶುಗರ್ ಏರಿತು, ಮನೆಯವರ ಮೇಲೆಲ್ಲ ರೇಗಿದೆ. ಎಲ್ಲರಿಗೂ ಇದೇ ಕೊಡುತ್ತಾರೆ ಅಂತಿಲ್ಲ. ಐವಿಐಜಿ ಅಂತ ಡ್ರಿಪ್ ಇದೆ, ಕೆಲವೇ ದಿನಗಳಲ್ಲಿ ಏರಿಸುತ್ತದೆ, ಕೆಲವು ವಾರವಷ್ಟೇ ನಿಲ್ಲುತ್ತದೆ, ದುಬಾರಿ. ಎಲ್ಟ್ರೋಂಬೋಪಾಗ್ ಮಾತ್ರೆಗೆ ಒಂದೆರಡು ವಾರ ಬೇಕು, ಅಂದರೆ ಆಪರೇಷನ್ ಹಿಂದಿನ ದಿನ ಶುರು ಮಾಡಿ ಲಾಭವಿಲ್ಲ. ಅದನ್ನು ಕೊಟ್ಟರೆ ಹಾಲು, ಮೊಸರು, ರಾಗಿಗೆ ಎರಡು ಗಂಟೆ ಮೊದಲು ಇಲ್ಲವೇ ನಾಲ್ಕು ಗಂಟೆ ಬಿಟ್ಟು ತಗೋಬೇಕು, ಸುಣ್ಣದಂಶ ಸಿಕ್ಕರೆ ಮಾತ್ರೆ ಮೈಗೆ ಹಿಡಿಯುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಹಾಲು ಹಾಕಿದ ಕಾಫಿ ಬೇಕು ಅನ್ನುವ ನಮ್ಮಂಥವರಿಗೆ ಇದೊಂದು ದೊಡ್ಡ ಶಿಕ್ಷೆ.

ಬೇರೆಯವರ ಪ್ಲೇಟ್‌ಲೆಟ್ ಏರಿಸಿಬಿಟ್ಟರೆ ಆಯ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಡೆಂಗಿಯಲ್ಲಿ ನೋಡಿ ನೋಡಿ ನಮಗೆ ಅದೊಂದೇ ಗೊತ್ತು. ಐಟಿಪಿಯಲ್ಲಿ ನಮ್ಮ ಮೈಯೇ ಪ್ಲೇಟ್‌ಲೆಟ್ಟನ್ನು ಶತ್ರು ಅಂತ ತಿಳಿದು ಗುಲ್ಮದಲ್ಲಿ ನುಂಗುತ್ತಿರುತ್ತದೆ. ಹೊರಗಿನಿಂದ ಕೊಟ್ಟದ್ದನ್ನೂ ಕೆಲವೇ ಗಂಟೆಗಳಲ್ಲಿ ನುಂಗಿ ಹಾಕಬಹುದು. ಅದಕ್ಕೇ ಎರಡು ದಿನ ಮೊದಲು ಏರಿಸಿ ಇಟ್ಟುಕೊಳ್ಳುವುದಲ್ಲ, ರಕ್ತ ಹೋಗುತ್ತಿರುವಾಗ, ಇಲ್ಲ ಆಪರೇಷನ್ ಟೇಬಲ್ ಮೇಲೆ ಬೇಕಾದಾಗ ಕೊಡುವುದು. ಆದರೂ ಬ್ಲಡ್ ಬ್ಯಾಂಕಿಗೆ ಮೊದಲೇ ಹೇಳಿಡಿಸಿ. ಪ್ಲೇಟ್‌ಲೆಟ್ಟನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ, 20ರಿಂದ 24 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಡಬೇಕು, ಸಾಮಾನ್ಯವಾಗಿ ಐದೇ ದಿನ ಬಾಳಿಕೆ. ರಾತ್ರಿ ಹನ್ನೊಂದಕ್ಕೆ ಕೇಳಿದರೆ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ನನಗೆ ಇಬ್ಬರು ದಾನಿಗಳು ತಯಾರಿದ್ದರು, ಬೇಕಾಗಲಿಲ್ಲ.

ಟೇಬಲ್ ಹತ್ತುವ ಮೊದಲು ನಾನು ಬಾಯಿಪಾಠ ಮಾಡಿಕೊಂಡು ಹೇಳಿದ್ದು: ನೋವಿಗೆ ಡೈಕ್ಲೋಫೆನ್ಯಾಕ್, ಆಸ್ಪಿರಿನ್, ಐಬುಪ್ರೊಫೇನ್ ಬೇಡ, ಪ್ಯಾರಾಸಿಟಮಾಲ್ ಆಗುತ್ತದೆ. ಸೊಂಟಕ್ಕೆ, ತೋಳಿಗೆ ಮಾಂಸಖಂಡದ ಇಂಜೆಕ್ಷನ್ ಬೇಡ. ಹೆಪ್ಪುಗಟ್ಟದಿರಲು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ರೂಢಿಯಲ್ಲಿ ಬರೆದಿದ್ದರೆ ರಕ್ತದ ಡಾಕ್ಟರನ್ನು ಒಮ್ಮೆ ಕೇಳಿ. ಮೊದಲಿಂದ ಸ್ಟಿರಾಯ್ಡ್ ತಗೊಳ್ಳುತ್ತಿದ್ದೇನೆ. ಈ ಕೊನೆಯದನ್ನು ಖಂಡಿತ ಹೇಳಬೇಕು, ಬಹಳ ದಿನ ಸ್ಟಿರಾಯ್ಡ್ ತಗೊಂಡವರ ಮೈ ಆಪರೇಷನ್ನಿನ ಒತ್ತಡಕ್ಕೆ ಬೇಕಾದಷ್ಟನ್ನು ತಾನೇ ತಯಾರಿಸಲಾರದು, ಆಗ ಮೇಲಿಂದ ಕೊಡಬೇಕಾಗುತ್ತದೆ. ತಟ್ಟಂತ ನಿಲ್ಲಿಸುವುದೂ ಕೂಡದು.

ಆಪರೇಷನ್ ಸುಸೂತ್ರವಾಯಿತು. ಮೂರನೇ ದಿನ ಮನೆಗೆ ಹೋಗಬಹುದು ಅಂದರು. ನಾನು ಹೋಗಲಿಲ್ಲ! ಶಿವಮೊಗ್ಗದಲ್ಲಿ ನಮ್ಮ ದೊಡ್ಡಮ್ಮನ ಮಗಳ ಮನೆಯಲ್ಲಿ ಹತ್ತು ದಿನ ಉಳಿದೆ. ನಿಮಗೂ ನಾನು ಹೇಳುವುದು ಇದನ್ನೇ, ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ. ಡಾಕ್ಟರು ಡಿಸ್ಚಾರ್ಜ್ ಬರೆಯುವಾಗ ಅವರ ಮನಸ್ಸಿನಲ್ಲಿ ಇರುವುದು ಆಟೋ ಹತ್ತಿ ಹದಿನೈದು ನಿಮಿಷಕ್ಕೆ ವಾಪಸ್ ಬರಬಲ್ಲ ರೋಗಿ. ನಮ್ಮ ಹೊಳೆ, ನಮ್ಮ ಸಂಕ, ನಮ್ಮ ಮಣ್ಣು ರಸ್ತೆ ಅವರಿಗೆ ಕಾಣುವುದಿಲ್ಲ, ನಾವೇ ಹೇಳಬೇಕು. ನಂಟರಿಲ್ಲದಿದ್ದರೆ ಆಸ್ಪತ್ರೆ ಹತ್ತಿರ ಒಂದು ರೂಮು ಹಿಡಿಯಿರಿ. ಯಾಕೆ ಹತ್ತು ದಿನ ಅಂದರೆ, ಡೆಕ್ಸಾಮೆಥಸೋನ್ ನಿಲ್ಲಿಸಿದ ಮೇಲೆ ಒಂದೆರಡು ವಾರದಲ್ಲಿ ಕೌಂಟ್ ಮತ್ತೆ ಇಳಿಯಬಹುದು. ಗಾಯಕ್ಕೆ ಸೋಂಕು ತಗುಲಿ ರಕ್ತ ಬರುವುದಿದ್ದರೂ ಹೆಚ್ಚಾಗಿ ಒಂದು ವಾರದ ಆಚೀಚೆ. ಅಂದರೆ ಎಲ್ಲರೂ ಗುಣವಾಯಿತು ಅಂತ ಫೋನ್ ಮಾಡುವುದನ್ನು ನಿಲ್ಲಿಸುವ ಹೊತ್ತಿಗೇ ನಾವು ಎಚ್ಚರ ಇರಬೇಕು. ನನಗೆ ಏಳನೇ ದಿನ 41 ಸಾವಿರಕ್ಕೆ ಇಳಿದಿತ್ತು. ಲ್ಯಾಬ್ ಹತ್ತಿರವಿದ್ದದ್ದಕ್ಕೆ ಗೊತ್ತಾಯಿತು, ಮಾತ್ರೆ ಹೊಂದಿಸಿದರು.

ಇನ್ನು ಮನೆಯಲ್ಲಿ ಏನು ನೋಡಬೇಕು ಅನ್ನೋದು. ಗಾಯದ ಪಟ್ಟಿಯ ಮೇಲೆ ರಕ್ತದ ಕಲೆ ಕಂಡರೆ ಪೆನ್ನಿನಲ್ಲಿ ಅದರ ಸುತ್ತ ಗೆರೆ ಎಳೆದು ಗಂಟೆ ಬರೆಯಿರಿ. ಗೆರೆಯೊಳಗೇ ಇದ್ದರೆ ಸುಮ್ಮನಿರಬಹುದು. ದಾಟುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಇಪ್ಪತ್ತು ನಿಮಿಷ ಗಡಿಯಾರ ನೋಡಿಕೊಂಡೇ, ಆಗಾಗ ಎತ್ತಿ ನೋಡಿದರೆ ಮೊದಲಿಂದ ಶುರು ಮಾಡಿದ ಹಾಗೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು ಇಡಿ. ಅಷ್ಟಕ್ಕೂ ನಿಲ್ಲದಿದ್ದರೆ ಹೊರಡಿ. ಅರಿಶಿನ, ಕಾಫಿಪುಡಿ, ಸುಣ್ಣ ಯಾವುದೂ ಬೇಡ. ಹೊಟ್ಟೆಯ ಮೇಲಿನ ನೀಲಿ ಕಲೆ ಹಸಿರು, ಹಳದಿಯಾಗುತ್ತಾ ಕೆಳಗೆ ಜಾರಿದರೆ ಗಾಬರಿ ಬೇಡ, ರಕ್ತ ಇಳಿಜಾರಿಗೆ ಹರಿದದ್ದು ಅದು. ಭುಜ ನೋಯುತ್ತದೆ ಒಂದೆರಡು ದಿನ, ಆಪರೇಷನ್ ಮಾಡುವಾಗ ಹೊಟ್ಟೆಗೆ ತುಂಬಿದ ಗ್ಯಾಸಿನಿಂದ.

ಹೊರಗೆ ಕಾಣದ ರಕ್ತವೇ ನಿಜವಾದ ಭಯ. ಹೊಟ್ಟೆ ಉಬ್ಬಿ ಬಿಗಿಯಾಗುವುದು, ಮಲಗಿದ್ದರೂ ಎದೆ ಡವಡವ, ಎದ್ದು ನಿಂತರೆ ಕಣ್ಣು ಕತ್ತಲೆ, ತಣ್ಣನೆ ಬೆವರು, ಮೂತ್ರ ಕಡಿಮೆಯಾಗುವುದು, ಡಾಂಬರಿನ ಹಾಗೆ ಅಂಟಂಟಾದ ಕಪ್ಪು ಮಲ. ಕಬ್ಬಿಣದ ಮಾತ್ರೆಗೂ ಮಲ ಕಪ್ಪಾಗುತ್ತದೆ, ಆದರೆ ಅನುಮಾನ ಬಂದರೆ ಕೇಳಿಯೇಬಿಡಿ. ಹಿಂದೆಂದೂ ಬರದಂಥ ತಲೆನೋವು, ವಾಂತಿ, ಮಾತು ತೊದಲುವುದು ಇದ್ದರೆ ಬೆಳಗಾಗಲಿ ಅಂತ ಕಾಯಲೇಬಾರದು. ಬಾಯೊಳಗೆ ಕಪ್ಪು ದ್ರಾಕ್ಷಿಯಂಥ ರಕ್ತದ ಗುಳ್ಳೆ ಎದ್ದರೆ ನಾನು ಅವತ್ತೇ ಕೌಂಟ್ ಮಾಡಿಸುತ್ತೇನೆ. ಕಾಲಿನ ಮೇಲಿನ ಕೆಂಪು ಚುಕ್ಕೆಗಳಿಗಿಂತ ಅದು ಜೋರು ಸೂಚನೆ.

ಟ್ರಾನೆಕ್ಸಾಮಿಕ್ ಮಾತ್ರೆ ಬರೆದುಕೊಟ್ಟಿದ್ದರೆ ಮನೆಯಲ್ಲಿರಲಿ. ಅದು ಪ್ಲೇಟ್‌ಲೆಟ್ ಹೆಚ್ಚಿಸುವುದಿಲ್ಲ, ಕೂತ ಹೆಪ್ಪು ಕರಗದ ಹಾಗೆ ನೋಡಿಕೊಳ್ಳುತ್ತದೆ. ಮೂತ್ರದಲ್ಲಿ ರಕ್ತ ಇದ್ದರೆ, ಹಿಂದೆ ಕಾಲಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿದ್ದರೆ ಕೇಳದೆ ನುಂಗಬೇಡಿ. ಹೌದು, ಪ್ಲೇಟ್‌ಲೆಟ್ ಕಡಿಮೆ ಇದ್ದವರಿಗೂ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಬಹುದು. ಹಾಗಾಗಿ ರಕ್ತ ಬಂದೀತು ಅಂತ ಹಾಸಿಗೆ ಬಿಡದೆ ಮಲಗುವುದು ತಪ್ಪು, ನಿಧಾನವಾಗಿ ನಡೆಯಿರಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ತಿಣುಕಬೇಡಿ. ಮೆತ್ತನೆ ಬ್ರಷ್. ಎಲೆ ಅಡಿಕೆ ಸ್ವಲ್ಪ ದಿನ ಪಕ್ಕಕ್ಕಿರಲಿ.

ಪಪ್ಪಾಯಿ ಎಲೆ ರಸ ಕುಡಿಯಿರಿ ಅಂತ ನಿಮಗೆ ಕನಿಷ್ಠ ಹತ್ತು ಜನ ಹೇಳುತ್ತಾರೆ. ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ಕೌಂಟ್ ತಾನಾಗಿಯೇ ಏರುತ್ತದೆ, ಹೆಸರು ಎಲೆಗೆ ಬರುತ್ತದೆ. ನಮ್ಮ ಕಾಯಿಲೆಯ ಕಾರಣವೇ ಬೇರೆ. ನಾನೂ ಒಂದು ವಾರ ಕುಡಿದಿದ್ದೆ, ವಾಂತಿ ಬಿಟ್ಟು ಬೇರೇನೂ ಬರಲಿಲ್ಲ.

ಆಪರೇಷನ್ನಿಗೆ ಮೊದಲು ಜ್ವರ ಬಂದರೆ ಮುಚ್ಚಿಡಬೇಡಿ. ಯಾವ ವೈರಲ್ ಜ್ವರವೂ ನಮ್ಮ ಕೌಂಟನ್ನು ಬೀಳಿಸಬಹುದು. ಮೇಲಾಗಿ ನಾವಿರುವುದು ಮಂಗನ ಕಾಯಿಲೆಯ ಸೀಮೆ, 1957ರಲ್ಲಿ ಮೊದಲು ಕಂಡದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಚಳಿಗಾಲದಿಂದ ಬೇಸಿಗೆವರೆಗೆ ಸೊಪ್ಪಿಗೆ, ಸೌದೆಗೆ ಅಂತ ಕಾಡಿಗೆ ಹೋಗಿ ಬಂದು ಜ್ವರ ಬಂದರೆ ದಿನ ಮುಂದಕ್ಕೆ ಹಾಕಿಸಿ, ಪರೀಕ್ಷೆ ಮಾಡಿಸಿ. ಮಳೆಗಾಲದಲ್ಲಾದರೆ ಉಂಬಳ (ಜಿಗಣೆ). ಅದರ ಎಂಜಲಿನಲ್ಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ, ಗಟ್ಟಿಮುಟ್ಟಾದವರಿಗೇ ಗಂಟೆಗಟ್ಟಲೆ ಒಸರುತ್ತದೆ. ತೋಟಕ್ಕೆ ಇಳಿಯಲೇಬೇಡಿ ಆ ಒಂದು ತಿಂಗಳು.

ವಾಪಸ್ ಬರುವಾಗ ಹೊಟ್ಟೆಗೊಂದು ದಿಂಬು ಒತ್ತಿಕೊಂಡು ಕೂತಿರಿ, ಮಂಡಗದ್ದೆ ದಾಟಿ ಮಣ್ಣು ರಸ್ತೆಗೆ ತಿರುಗಿದ ಮೇಲೆ ಅದರ ಬೆಲೆ ನನಗೆ ಗೊತ್ತಾಯಿತು. ಜೀಪಿರುವ ಮನೆಯವರ ನಂಬರು, ಬ್ಲಡ್ ಗ್ರೂಪು, ಕೊನೆಯ ಕೌಂಟು, ಬೇಡದ ಮಾತ್ರೆಗಳ ಹೆಸರು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಮೊಬೈಲಿನಲ್ಲಿದೆ ಅನ್ನಬೇಡಿ, ಕರೆಂಟ್ ಹೋಗಿ ಎರಡು ದಿನವಾದರೆ ಮೊಬೈಲೂ ಸತ್ತಿರುತ್ತದೆ.

ಅಡಿಕೆ ಸುಲಿಯುವ ವಿಷಯ. ನನ್ನ ಸರ್ಜನ್ ಭಾರ ಎತ್ತಲು ಆರು ವಾರ ಬೇಡ ಅಂದಿದ್ದರು. ಮೆಟ್ಟುಗತ್ತಿಯ ಮುಂದೆ ಬಗ್ಗಿ ಕೂರುವುದು ಭಾರ ಎತ್ತುವುದಲ್ಲವಲ್ಲ ಅಂತ ನಾನು ವಾದ ಮಾಡಿದೆ. ಕೌಂಟ್ 40 ಸಾವಿರ ಇಟ್ಟುಕೊಂಡು ಕತ್ತಿಯ ಮುಂದೆ ಕೂರುತ್ತೀರಾ ಅಂತ ಅವರು ಕೇಳಿದರು. ಆ ವರ್ಷ ಯಾರು ಎಷ್ಟು ಡಬ್ಬ ಸುಲಿದರು ಅಂತ ಲೆಕ್ಕ ಬರೆಯುತ್ತಾ ಕೂತೆ.